ಹತ್ತೇ ನಿಮಿಷದ ಬಟರ್‌ಕ್ರೀಮ್ ಬರೆದ ಮಹನೀಯರಿಗೆ

ಐಸಿಂಗ್ ಸಕ್ಕರೆಯ ಪೊಟ್ಟಣದ ಹಿಂಬದಿಯಲ್ಲಿ ‘ಸರಳ ಬಟರ್‌ಕ್ರೀಮ್, ಹತ್ತೇ ನಿಮಿಷ’ ಎಂಬ ತಲೆಬರಹದ ಕೆಳಗೆ ಐದು ಸಾಲು ಬರೆದು, ಹೆಸರನ್ನೂ ಹಾಕಿಕೊಳ್ಳದೆ ವಿನಯದಿಂದ ಮರೆಯಾಗಿರುವ ಮಾನ್ಯರೇ,

ತಾವು ಎಲ್ಲಿದ್ದರೂ ಸುಖವಾಗಿರಲೆಂದು, ತಮ್ಮ ಮನೆಯ ಬೆಣ್ಣೆ ಸದಾ ಹೇಳಿದ ಮಾತು ಕೇಳುತ್ತಿರಲೆಂದು ಮೊದಲಿಗೆ ಹಾರೈಸುತ್ತೇನೆ. ನಾನು ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಇಪ್ಪತ್ತೆಂಟು ವರ್ಷ ಟೇಪು ಹಿಡಿದು ಬದುಕಿದವಳಾದ್ದರಿಂದ ‘ಸ್ವಲ್ಪ’, ‘ಬೇಕಿದ್ದರೆ’, ‘ಹದವಾಗಿ’ ಎಂಬ ತಮ್ಮ ಮಾತುಗಳನ್ನು ಓದಿದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು. ಸೊಂಟದ ಸುತ್ತಳತೆ ‘ಬೇಕಿದ್ದರೆ ಸ್ವಲ್ಪ’ ಎಂದು ಬರೆದುಕೊಂಡು ನಾನು ಪ್ಯಾಂಟು ಹೊಲಿದಿದ್ದರೆ ನನ್ನ ಗಿರಾಕಿಗಳು ಬೀದಿಯಲ್ಲಿ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡೇ ನಡೆಯಬೇಕಾಗುತ್ತಿತ್ತು. ಆದರೆ ತಾವು ‘ಸರಳ’ ಎಂದಿದ್ದಿರಿ, ನಾನು ನಂಬಿದೆ. ಆದ್ದರಿಂದ ಕಳೆದ ಶುಕ್ರವಾರ ಮಧ್ಯಾಹ್ನ ಎರಡರಿಂದ ಸಂಜೆ ಐದೂವರೆಯವರೆಗೆ ನಮ್ಮ ಮನೆಯಲ್ಲಿ ನಡೆದದ್ದನ್ನು ತಮ್ಮ ಅವಗಾಹನೆಗೆ ತರುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನನ್ನ ಯಜಮಾನರು ಬಸ್ ಡ್ರೈವರು. ಶುಕ್ರವಾರ ಅವರು ನಿವೃತ್ತರಾಗುವ ದಿನ. ಆದರೆ ವಾರದ ಹಿಂದೆ ಡಿಪೋದ ಮೇಲಧಿಕಾರಿ ಅವರನ್ನು ಕರೆಸಿ, ಆರು ಗಂಟೆ ಪ್ರಯಾಣದಷ್ಟು ದೂರದ ಊರಿನಲ್ಲಿ ಹೊಸ ಡಿಪೋ ತೆರೆಯುತ್ತಿದ್ದೇವೆ, ಎರಡು ವರ್ಷ ಅಲ್ಲಿದ್ದು ಹೊಸಬರಿಗೆ ಬಸ್ ಓಡಿಸುವುದನ್ನು ಕಲಿಸಿಕೊಡಿ, ಶನಿವಾರ ಬೆಳಿಗ್ಗೆ ಉತ್ತರ ಹೇಳಿದರೆ ಸಾಕು ಎಂದಿದ್ದರಂತೆ. ಇದನ್ನು ಅವರು ನನಗೆ ಹೇಳಿದ್ದು ಊಟಕ್ಕೆ ಕೂತಾಗ, ನಲ್ಲಿ ಸೋರುತ್ತಿದೆ ಎಂದು ಹೇಳುವ ದನಿಯಲ್ಲಿ. “ನಿನಗೇನನ್ಸುತ್ತೆ?” ಎಂದು ಕೇಳಿದರು. “ನಿಮ್ಮಿಷ್ಟ” ಎಂದೆ. ನನಗೆ ಏನನ್ನಿಸುತ್ತಿತ್ತು ಎಂಬುದು ಎದೆಯಲ್ಲಿ ಇಸ್ತ್ರಿ ಪೆಟ್ಟಿಗೆಯ ಹಾಗೆ ಕಾದು ಕೂತಿತ್ತು, ಆದರೆ ಇಷ್ಟು ವರ್ಷಗಳಲ್ಲಿ ಅವರನ್ನು ಹೋಗಿ ಎಂದಾಗಲಿ ಬೇಡಿ ಎಂದಾಗಲಿ ನಾನು ಹೇಳಿದವಳಲ್ಲ. ಬೆಳಿಗ್ಗೆ ಎದ್ದು ಹೋಗುವುದು ಅವರ ಕೆಲಸ, ಬಾಗಿಲು ಹಾಕಿಕೊಳ್ಳುವುದು ನನ್ನ ಕೆಲಸ. ಒಂದು ವಾರ ನಾವಿಬ್ಬರೂ ನಲ್ಲಿಯ ಬಗ್ಗೆಯೇ ಮಾತಾಡಿದೆವು.

ಗುರುವಾರ ಪಕ್ಕದ ಮನೆಯ ಔಷಧಿ ಅಂಗಡಿಯಾಕೆ ಒಂದು ದುಂಡನೆಯ ಕೇಕು ಬೇಯಿಸಿ ತಂದುಕೊಟ್ಟು, ಮೇಲಿನದನ್ನು ನೀವೇ ಮಾಡಿಕೊಳ್ಳಿ, ಪೊಟ್ಟಣದ ಹಿಂದೆ ಎಲ್ಲ ಬರೆದಿದೆ ಎಂದು ತಾವು ಬರೆದ ಆ ಸಕ್ಕರೆ ಪೊಟ್ಟಣವನ್ನೂ ಒಂದು ಕೈಮಿಕ್ಸರನ್ನೂ ಕೊಟ್ಟುಹೋದರು. ಪೊಟ್ಟಣ ತಿರುಗಿಸಿ ನೋಡಿದೆ. ಐದನೆಯ ಸಾಲಿನಲ್ಲಿ ತಾವು ‘ಇಷ್ಟ ಬಂದಂತೆ ಬರೆದು ಅಲಂಕರಿಸಿ’ ಎಂದು ಅಪ್ಪಣೆ ಕೊಟ್ಟಿದ್ದಿರಿ. ಬಾಯಲ್ಲಿ ಬಾರದ ಮಾತನ್ನು ಕೇಕಿನ ಮೇಲೆ ಬರೆಯಬಹುದಲ್ಲ ಎಂದು ನನಗೆ ಹೊಳೆದದ್ದು ಆಗ. ‘ಹೋಗಬೇಡಿ’ ಎಂದು ಬರೆಯುವುದೆಂದು ತೀರ್ಮಾನಿಸಿದೆ. ಒಂದೇ ಪದ, ನಾಲ್ಕೇ ಅಕ್ಷರ, ಹತ್ತೇ ನಿಮಿಷ.

ತಮ್ಮ ಮೊದಲ ಸಾಲು ‘ಬೆಣ್ಣೆ ಕೋಣೆಯ ತಾಪಮಾನದಲ್ಲಿರಲಿ’ ಎನ್ನುತ್ತದೆ. ಎಷ್ಟು ಸೊಗಸಾದ ವಾಕ್ಯ! ಆದರೆ ಯಾರ ಕೋಣೆ, ಮಾನ್ಯರೇ? ನಮ್ಮಲ್ಲಿ ಮೂರಿವೆ. ಫ್ರಿಜ್ಜಿನಿಂದ ತೆಗೆದ ಬೆಣ್ಣೆ ಇಟ್ಟಿಗೆಯಂತಿತ್ತು. ಅದನ್ನು ತಟ್ಟೆಯಲ್ಲಿಟ್ಟುಕೊಂಡು, ಬಾಡಿಗೆಗೆ ಬಂದವರಿಗೆ ಮನೆ ತೋರಿಸುವಂತೆ ಅಡುಗೆಮನೆ, ಅಂಗಡಿ, ಅತ್ತೆಯ ಕೋಣೆ ಎಂದು ಸುತ್ತಿಸಿದೆ. ಅದಕ್ಕೆ ಯಾವುದೂ ಹಿಡಿಸಲಿಲ್ಲ. ಕೊನೆಗೆ ಇಸ್ತ್ರಿ ಪೆಟ್ಟಿಗೆಯ ಪಕ್ಕದಲ್ಲಿಟ್ಟು ಒಂದು ಗುಂಡಿ ಹೊಲಿದು ತಿರುಗುವಷ್ಟರಲ್ಲಿ ಇಟ್ಟಿಗೆ ಕೊಳವಾಗಿತ್ತು. ಮತ್ತೆ ಫ್ರಿಜ್ಜು, ಮತ್ತೆ ಇಟ್ಟಿಗೆ. ಆದ್ದರಿಂದ ಇನ್ನು ಮುಂದೆ ಪ್ರತಿ ಪೊಟ್ಟಣದ ಜೊತೆಗೆ ಸರಿಯಾದ ತಾಪಮಾನದ ಒಂದು ಕೋಣೆಯನ್ನೂ ಮಡಚಿ ಇಟ್ಟು ಕಳಿಸಬೇಕೆಂದು ಸವಿನಯವಾಗಿ ಕೋರುತ್ತೇನೆ. ಕಿಟಕಿ ಇಲ್ಲದಿದ್ದರೂ ನಡೆದೀತು.

ಕಡೆಗೆ ದಾರಿ ತೋರಿಸಿದ್ದು ಅತ್ತೆ. ಅವರಿಗೆ ಎಂಬತ್ತೆರಡು. ಪೊಟ್ಟಣದ ಮೇಲಿನ ತಮ್ಮ ಸಾಹಿತ್ಯವನ್ನು ಓದದೆಯೇ, ಬೆಣ್ಣೆಯನ್ನು ತುಂಡು ಮಾಡಿ ಸುಮ್ಮನೆ ಅರ್ಧ ಗಂಟೆ ಬಿಡು, ಬೆರಳಿಟ್ಟರೆ ಗುಳಿ ಬೀಳಬೇಕು, ಬೆರಳು ಜಾರಬಾರದು ಎಂದರು. ಹಾಗೇ ಮಾಡಿದೆ, ಗುಳಿ ಬಿತ್ತು. ಮಿಕ್ಸರು ಹಾಕಿದರೆ ಬೆಣ್ಣೆ ಬೆಳ್ಳಗಾಗಿ, ಹಗುರವಾಗಿ ಉಬ್ಬಿತು, ಅದರ ಜೊತೆಗೆ ನಾನೂ ಉಬ್ಬಿದೆ. ಆ ಉಬ್ಬಿನಲ್ಲೇ ಸಕ್ಕರೆಯನ್ನೆಲ್ಲ ಒಂದೇ ಸಲ ಸುರಿದು ಮಿಕ್ಸರನ್ನು ಕೊನೆಯ ವೇಗಕ್ಕೆ ತಿರುಗಿಸಿದೆ. ‘ಸಕ್ಕರೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ’ ಎಂಬ ಮೂರನೆಯ ಸಾಲನ್ನು ತಾವು ಪೊಟ್ಟಣದ ಮಡಿಕೆಯೊಳಗೆ, ಗೋಂದಿನ ಅಡಿಯಲ್ಲಿ, ಒಡವೆಯನ್ನು ಬಚ್ಚಿಡುವಂತೆ ಬಚ್ಚಿಟ್ಟಿದ್ದೀರಿ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಕೋಣೆಯಲ್ಲಿ ಎದುರಿಗಿದ್ದವರು ಕಾಣದಷ್ಟು ಬಿಳಿಯ ಮೋಡ ಎದ್ದಿತು. ಅದು ಇಳಿಯುವ ಹೊತ್ತಿಗೆ, ಕೋಟಿನ ತೋಳು ಚಿಕ್ಕದು ಮಾಡಿಸಲು ಬಂದಿದ್ದ ಶಾಲೆಯ ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ನಿಂತಿದ್ದರು. ರೆಪ್ಪೆಯವರೆಗೂ ಬೆಳ್ಳಗಾದ ನಮ್ಮಿಬ್ಬರನ್ನು ನೋಡಿ, ತೋಳು ಉದ್ದವೇ ಇರಲಿ ಪರವಾಗಿಲ್ಲ ಎಂದು ಹೇಳಿ ಹೊರಟುಹೋದರು.

ನಾಲ್ಕನೆಯ ಸಾಲು: ‘ಬೇಕಿದ್ದರೆ ಹಾಲು.’ ನನಗೆ ಬೇಕೆನ್ನಿಸಿತು, ಫ್ರಿಜ್ಜಿನಿಂದ ತೆಗೆದು ಹಾಗೇ ಹುಯ್ದೆ. ಹಾಲು ತಣ್ಣಗಿರಬಾರದು ಎಂಬ ಸಣ್ಣ ವಿಷಯವನ್ನು ತಾವು ದೊಡ್ಡ ಮನಸ್ಸಿನಿಂದ ಓದುಗರ ಊಹೆಗೆ ಬಿಟ್ಟಿದ್ದಿರಿ. ರೇಷ್ಮೆಯಂತಿದ್ದ ಕ್ರೀಮು ಕಣ್ಣೆದುರಿಗೇ ಒಡೆದು ಕಾಳುಕಾಳಾಯಿತು. ಗಂಟೆ ನಾಲ್ಕು. ನಾನು ಮಿಕ್ಸರು ಕೆಳಗಿಟ್ಟು, ಸಕ್ಕರೆಯ ಮೇಲೆಯೇ ಕೂತು ಅಳಲು ಶುರುಮಾಡಿದೆ. ಬಟರ್‌ಕ್ರೀಮಿಗೆ ಯಾಕೆ ಅಳುತ್ತೀ ಎಂದು ಅತ್ತೆ ಕೇಳಲಿಲ್ಲ. ಯಾರಿಗಾಗಿ ಅಳುತ್ತಿದ್ದೇನೆಂದು ಅವರಿಗೆ ಗೊತ್ತಿತ್ತು. ಹೋಗುವವನು ಅವರ ಮಗನೂ ಹೌದಲ್ಲ. ಸ್ಟೂಲು ಎಳೆದುಕೊಂಡು ಕೂತು, ಬೋಗುಣಿಯನ್ನು ಮಡಿಲಲ್ಲಿಟ್ಟುಕೊಂಡು ಶಾಲು ಸುತ್ತಿ, ಎರಡೂ ಅಂಗೈಯಲ್ಲಿ ಅಪ್ಪಿ ಹಿಡಿದು, ಈಗ ತಿರುಗಿಸು, ಬೆಚ್ಚಗಾದರೆ ಕೂಡಿಕೊಳ್ಳುತ್ತದೆ ಎಂದರು. ತಿರುಗಿಸಿದೆ. ಬೋಗುಣಿ ನಡುಗಿತು, ಅತ್ತೆ ನಡುಗಿದರು, ಅತ್ತೆಯ ಹಲ್ಲಿನ ಸೆಟ್ಟು ಕಟಕಟನೆ ಹೊಲಿಗೆ ಯಂತ್ರದ ತಾಳದಲ್ಲಿ ಬಡಿಯತೊಡಗಿತು. ಮೊದಲು ಅವರು ನಕ್ಕರು, ಆಮೇಲೆ ನಾನು, ಆಮೇಲೆ ನಿಲ್ಲಿಸಲು ಇಬ್ಬರಿಗೂ ಆಗಲಿಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಾವಿಬ್ಬರೂ ಒಟ್ಟಿಗೆ ಹಾಗೆ ನಕ್ಕದ್ದು ನೆನಪಿಲ್ಲ. ಹಾಗೆ ನಗುನಗುತ್ತಿರುವಾಗಲೇ ಕ್ರೀಮು ಕೂಡಿಕೊಂಡು ಮತ್ತೆ ನುಣುಪಾಯಿತು. ಈ ಉಪಾಯವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಲು ತಮಗೆ ನನ್ನ ಒಪ್ಪಿಗೆಯಿದೆ, ಆದರೆ ಅಂಥ ಅತ್ತೆಯನ್ನು ತಾವೇ ಒದಗಿಸಬೇಕಾಗುತ್ತದೆ.

ಕೇಕಿನ ಮೇಲೂ ಸುತ್ತಲೂ ಕ್ರೀಮು ಮೆತ್ತಿದೆ. ಬರೆಯಲು ಮೂತಿಯ ಚೀಲ ಬೇಕೆಂದು ಚಿತ್ರದಲ್ಲಿತ್ತು; ಮಳೆಕೋಟಿನ ಹೊಸ ಬಟ್ಟೆ ಕತ್ತರಿಸಿ, ಎರಡು ಹೊಲಿಗೆ ಹಾಕಿ ಐದು ನಿಮಿಷದಲ್ಲಿ ಹೊಲಿದೆ. ಇಡೀ ಮಧ್ಯಾಹ್ನದಲ್ಲಿ ಹೇಳಿದ ಹೊತ್ತಿಗೆ ಮುಗಿದ ಕೆಲಸ ಅದೊಂದೇ, ಯಾಕೆಂದರೆ ಅದರ ವಿಧಾನವನ್ನು ತಾವು ಬರೆದಿರಲಿಲ್ಲ. ಬರೆಯಲು ಕೂತೆ. ಹ ಬರೆದು, ಓತ್ವ ಸುತ್ತಿಸಿ, ದೀರ್ಘ ಎಳೆಯುವಷ್ಟರಲ್ಲಿ ಅರ್ಧ ಕೇಕು ಖರ್ಚಾಗಿತ್ತು. ಗ ಇಕ್ಕಟ್ಟಿನಲ್ಲಿ ಕೂತಿತು. ಬೇ ಮುಗಿದು ಡ-ಕ್ಕೆ ಕೈ ಎತ್ತಿದೆ, ಚೀಲ ಸುಯ್ಯೆಂದು ಉಸಿರುಬಿಟ್ಟಿತು. ಖಾಲಿ. ಬೋಗುಣಿಗೆ ಕೈಹಾಕಿದರೆ ಅದು ತೊಳೆದಿಟ್ಟಷ್ಟು ಶುಭ್ರವಾಗಿತ್ತು. ಅತ್ತೆಯ ಕಡೆ ನೋಡಿದೆ. ಚಮಚ ಇನ್ನೂ ಬಾಯಲ್ಲೇ ಇತ್ತು.

“ಉಪ್ಪು ನೋಡ್ತಿದ್ದೆ” ಎಂದರು.

ಆಗಲೇ ಹೊರಗೆ ಚಪ್ಪಲಿ ಸದ್ದು. ಯಜಮಾನರು ಒಳಗೆ ಬಂದರು, ಹಿಂದೆ ಅವರ ಊಟದ ಡಬ್ಬಿ ಹಿಡಿದುಕೊಂಡು ಹನ್ನೊಂದು ವರ್ಷ ಅವರ ಜೊತೆಗೇ ಕೆಲಸ ಮಾಡಿದ ಕಂಡಕ್ಟರು. ಕೇಕಿನ ಮೇಲೆ ದೊಡ್ಡದಾಗಿ ‘ಹೋಗಬೇ’ ಎಂದಿತ್ತು. ನಮ್ಮ ಭಾಷೆಯಲ್ಲಿ ಅಲ್ಲಿಗೆ ನಿಂತ ಪದ ಯಾವ ಕಡೆಗೂ ತಿರುಗಬಲ್ಲದು ಎಂಬುದು ತಮ್ಮಂಥ ಬರಹಗಾರರಿಗೆ ಗೊತ್ತೇ ಇರುತ್ತದೆ. ಕಂಡಕ್ಟರು ಒಳ್ಳೆಯವರು, ಎಲ್ಲಿಯೂ ಹೊತ್ತು ಕಳೆಯುವವರಲ್ಲ, ಓದಿದವರೇ, “ನೋಡಿ, ಅಕ್ಕನೇ ಹೋಗಬೇಕು ಅಂತಿದಾರೆ. ಇನ್ನೇನು ಯೋಚನೆ?” ಎಂದುಬಿಟ್ಟರು.

ನನ್ನವರ ಮುಖ ಸಣ್ಣದಾಯಿತು. ಅವರು ಕೇಕನ್ನು ಇನ್ನೊಮ್ಮೆ ಓದಿದರು. ಟೋಪಿ ತೆಗೆದು ನನ್ನ ಹೊಲಿಗೆ ಮೇಜಿನ ಮೇಲಿಟ್ಟು, ಸರಿ ಹಾಗಾದರೆ, ನಾಳೆ ಹೋಗಿ ಹೇಳಿಬರುತ್ತೇನೆ ಎಂದು ಯಾರಿಗೂ ಅಲ್ಲದಂತೆ ಹೇಳಿದರು. ಮಾನ್ಯರೇ, ತಮ್ಮ ಐದು ಸಾಲುಗಳು ಒಂದು ಸಂಸಾರವನ್ನು ಆರು ಗಂಟೆ ಪ್ರಯಾಣದ ದೂರಕ್ಕೆ ತಳ್ಳುವುದೊಂದೇ ಬಾಕಿಯಿತ್ತು. ನನ್ನ ಕೈಯಲ್ಲಿ ಖಾಲಿ ಚೀಲ. ಅತ್ತೆ ಬಾಯಿಂದ ಚಮಚ ತೆಗೆದು ನನ್ನನ್ನು ನೋಡಿದರು. ಈ ಮಾತನ್ನು ನಾನೇ ಆಡಬೇಕಿತ್ತು.

“ಅದು ‘ಕು’ ಅಲ್ಲ ರೀ” ಎಂದೆ. “ಕ್ರೀಮ್ ಮುಗಿದುಹೋಯ್ತು.”

ಅವರು ನನ್ನನ್ನು ತುಂಬ ಹೊತ್ತು ನೋಡಿದರು, ಕೂದಲಿನಿಂದ ಕಾಲಿನವರೆಗೆ, ಎಲ್ಲೆಲ್ಲಿ ಸಕ್ಕರೆ ಇತ್ತೋ ಅಲ್ಲೆಲ್ಲ. ಆಮೇಲೆ ಹತ್ತಿರ ಬಂದು, ನನ್ನ ಮೊಣಕೈಗೆ ಅಂಟಿದ್ದ ಕ್ರೀಮನ್ನು ಬೆರಳಲ್ಲಿ ಬಳಿದುಕೊಂಡು, ಸ್ಟೀರಿಂಗ್ ಹಿಡಿದು ದಪ್ಪಗಾದ ಆ ಬೆರಳಿನಿಂದಲೇ ಕೇಕಿನ ಅಂಚಿನಲ್ಲಿ ನಿಧಾನವಾಗಿ, ತಿರುವಿನಲ್ಲಿ ಬಸ್ಸು ತಿರುಗಿಸುವ ಹಾಗೆ, ಒಂದು ‘ಡ’ ಬರೆದರು.

ಅಳತೆ ತಪ್ಪಿದ್ದನ್ನು ನೋಡಿ ಸುಮ್ಮನಿರುವುದು ನನ್ನ ಕೈಲಾಗದು. ‘ಡಿ’ ಆಗಬೇಕು, ಗುಡಿಸು ಬಿಟ್ಟಿದ್ದೀರಿ ಎಂದೆ, ಅಳುತ್ತಲೋ ನಗುತ್ತಲೋ ನನಗೇ ತಿಳಿಯಲಿಲ್ಲ.

“ನನಗೆ ನಾನೇ ಹೇಳ್ಕೊಳ್ಳೋದಕ್ಕೆ ಬಹುವಚನ ಯಾಕೆ?” ಎಂದರು.

ಕೇಕು ಹೇಗಿತ್ತೆಂದು ತಾವು ಕೇಳಬಹುದು. ಹಲ್ಲು ಜುಮ್ಮೆನ್ನುವಷ್ಟು ಸಿಹಿಯಾಗಿತ್ತು. ಕಂಡಕ್ಟರು ಮೂರು ತುಂಡು ತಿಂದರು, ಬಂದ ಕೂಡಲೇ ಓದಿದ ಆ ಮೂರು ಅಕ್ಷರಗಳನ್ನೇ ಆರಿಸಿ. ಶನಿವಾರ ಬೆಳಿಗ್ಗೆ ಯಜಮಾನರು ಡಿಪೋಗೆ ಫೋನು ಮಾಡಿ ಬರುವುದಿಲ್ಲ ಎಂದು ಹೇಳಿ, ಅರ್ಧ ನಿಮಿಷದಲ್ಲಿ ಇಟ್ಟರು. ಆದಕಾರಣ ತಮ್ಮ ಮೇಲೆ ದೂರು ಕೊಡಲು ಕುಳಿತವಳಿಗೆ ಯಾವ ಪರಿಹಾರ ಕೇಳಬೇಕೆಂದು ತೋಚುತ್ತಿಲ್ಲ. ದಯವಿಟ್ಟು ತಾವೇ ಒಂದನ್ನು ‘ಬೇಕಿದ್ದರೆ ಸ್ವಲ್ಪ’ ಕಳಿಸಿಕೊಡಿ.

ಇಂತಿ, ಮೊಣಕೈ ತೊಳೆದುಕೊಂಡು ಸಹಿ ಹಾಕುತ್ತಿರುವ
ತಮ್ಮ ವಿಶ್ವಾಸಿ,
ಮುಂದಿನ ಕೋಣೆಯ ದರ್ಜಿ

ತಾ.ಕ.: ಯಜಮಾನರು ಈಗ ಇಡೀ ದಿನ ಮನೆಯಲ್ಲೇ ಇರುತ್ತಾರೆ. ಮೂರು ದಿನಗಳಲ್ಲಿ ನನ್ನ ದಾರದ ಉರುಳೆಗಳನ್ನು ಬಣ್ಣದ ಪ್ರಕಾರ ಜೋಡಿಸಿ, ನನಗೆ ಏನೂ ಸಿಗದ ಹಾಗೆ ಮಾಡಿದ್ದಾರೆ, ಕತ್ತರಿ ಹೇಗೆ ಹಿಡಿಯಬೇಕೆಂದು ಹೇಳಿಕೊಡುತ್ತಿದ್ದಾರೆ. ಆ ದೂರದ ಡಿಪೋದ ಕೆಲಸ ಇನ್ನೂ ಖಾಲಿ ಇದೆಯೇ ಎಂಬುದು ತಮಗೇನಾದರೂ ತಿಳಿದಿದ್ದರೆ, ಗುಟ್ಟಾಗಿ, ನನ್ನ ಹೆಸರಿಗೇ ಬರೆಯಿರಿ.