ಎಡಗಾಲಿಗೆ ಬಂದ ಕರೆಂಟು

ಆ ಭಾನುವಾರ ಬೆಳಗ್ಗೆ ಬಚ್ಚಲುಮನೆಯಿಂದ ಹೊರಟ ಕೂಗಿಗೆ ಫೇಸಣ್ಣನ ಹೆಂಡತಿಯ ಕೈಯಲ್ಲಿದ್ದ ಹಾಲಿನ ಪಾತ್ರೆ ನೆಲಕ್ಕೆ ಬಿತ್ತು. ಬೆನ್ನಿನ ಆಪರೇಷನ್ ಆಗಿ ಆರು ವಾರವಾದ ಗಂಡ ಬಿದ್ದೇಬಿಟ್ಟ ಎಂದುಕೊಂಡು ಅವಳು ಹಾಲಿನ ಮೇಲೇ ಜಾರುತ್ತ ಓಡಿದಳು. ಬಾಗಿಲು ತಳ್ಳಿ ನೋಡಿದರೆ ಗಂಡ ಬಿದ್ದಿರಲಿಲ್ಲ. ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಕಂಬದ ಹಾಗೆ ನಿಂತು, ಕಣ್ಣು ಬಾಯಿ ಬಿಟ್ಟುಕೊಂಡು ತನ್ನ ಎಡಗಾಲನ್ನೇ ನೋಡುತ್ತಿದ್ದ.

"ಬಂತು ಕಣೇ!"

"ಏನ್ರೀ ಬಂತು?"

"ಕಾಲು ಬಂತು! ಝುಂ ಅಂತ ಕರೆಂಟು ಹೊಡೆದ ಹಾಗೆ! ಸೊಂಟದಿಂದ ಹೊರಟಿದ್ದು ಹೆಬ್ಬೆರಳಿನ ತನಕ ಹೋಯ್ತು!"

ಹೆಂಡತಿ ಅಲ್ಲೇ ಗೋಡೆಗೊರಗಿ ಅತ್ತುಬಿಟ್ಟಳು. ಹಾಲು ಹೋದದ್ದು ಇಬ್ಬರಿಗೂ ನೆನಪಿರಲಿಲ್ಲ.

ಫೇಸಣ್ಣ ಅಂದರೆ ವೈರ್‌ಮನ್. ಜಗತ್ತಿನ ಸಮಸ್ತ ವ್ಯವಹಾರವನ್ನೂ ಕರೆಂಟು ತರುವ ಫೇಸು, ಅದನ್ನು ವಾಪಸು ಒಯ್ಯುವ ನ್ಯೂಟ್ರಲ್ ಎಂಬ ಎರಡೇ ಮಾತಿನಲ್ಲಿ ವಿವರಿಸುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಗಂಡ ಹೆಂಡತಿ ಜಗಳವಾಡಿದರೆ "ಎರಡೂ ಫೇಸೇ ಆಗೋಯ್ತು" ಅನ್ನುತ್ತಿದ್ದ. ಅವನಿದ್ದ ಹನ್ನೆರಡು ಮನೆಗಳ ಕಟ್ಟಡಕ್ಕೆ ವೈರಿಂಗ್ ಮಾಡಿದವನೂ ಅವನೇ. ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಟ್ರಿಪ್ ಸ್ವಿಚ್ಚು ಹಾಕಿಸೋಣ ಎಂದು ಯಾರೋ ಹೇಳಿದಾಗ, "ನಾನು ಎಳೆದ ಲೈನಲ್ಲಿ ಇರುವೆಗೂ ಶಾಕ್ ಹೊಡೆಯಲ್ಲ" ಎಂದು ಮುಖ ಊದಿಸಿಕೊಂಡು ಮೂರು ದಿನ ಮಾತು ಬಿಟ್ಟಿದ್ದ.

ಮೂವತ್ತು ವರ್ಷ ಏಣಿಯ ಮೇಲೆ ನಿಂತು ದುಡಿದ ಬೆನ್ನು ಒಂದು ದಿನ ಮುಷ್ಕರ ಹೂಡಿತು. ಸರ್ಜನ್ನು ಕೆಳಬೆನ್ನಿನ ಎರಡು ಮೂಳೆಗಳನ್ನು ಸೇರಿಸಿ, ಎರಡು ಸರಳು, ನಾಲ್ಕು ಸ್ಕ್ರೂ ಹಾಕಿ ಬಿಗಿದರು. ಅಂದಿನಿಂದ ಫೇಸಣ್ಣನ ಬೆನ್ನು ಫೇಸಣ್ಣನದಾಗಿ ಉಳಿಯಲಿಲ್ಲ. ಬೆಳಗ್ಗೆ ಎಚ್ಚರವಾದಾಗ ಯಾರೋ ತನ್ನನ್ನು ಹಲಗೆಗೆ ಮೊಳೆ ಹೊಡೆದು ಹೋಗಿದ್ದಾರೆ ಅನ್ನಿಸುತ್ತಿತ್ತು. ಏಳಬೇಕಾದರೆ ಭುಜ, ಸೊಂಟ, ಮೊಣಕಾಲು ಎಲ್ಲವೂ ಒಂದೇ ದಿಮ್ಮಿಯಾಗಿ ಹೊರಳಬೇಕು. ಸೊಂಟದ ಬೆಲ್ಟಿನಡಿಯಲ್ಲಿ, ಹೊಲಿಗೆಗಿಂತಲೂ ಒಳಗೆ, ಬೆರಳು ತಲುಪದ ಪಾತಾಳದಲ್ಲಿ ಒಂದು ತುರಿಕೆ. ಮೇಲೆ ಎಷ್ಟು ಕೆರೆದರೂ ಅದಕ್ಕೆ ಸುದ್ದಿ ಮುಟ್ಟುತ್ತಿರಲಿಲ್ಲ. ಸೀನು ಬರುವ ಹಾಗಾದರಂತೂ ಮನೆಯವರು ಕೈಲಿದ್ದ ಕೆಲಸ ಬಿಟ್ಟು ಬಂದು ಅವನನ್ನು ಎರಡೂ ಕಡೆ ಹಿಡಿದುಕೊಳ್ಳಬೇಕಿತ್ತು.

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಆದರೆ ಎಡಗಾಲು ಕೈಕೊಟ್ಟಿತ್ತು. ಮೊಣಕಾಲಿನಿಂದ ಕೆಳಗೆ ಮರಗಟ್ಟಿಹೋಗಿ, ನೋವಿರಲಿ, ಜೋಮು ಕೂಡ ಇರಲಿಲ್ಲ. ವಾಕರ್ ಹಿಡಿದು ನಡೆದರೆ ಯಾರದೋ ಕಾಲನ್ನು ಬಾಡಿಗೆಗೆ ತಂದ ಹಾಗಿರುತ್ತಿತ್ತು. "ನರ ಒತ್ತಿಹೋಗಿತ್ತು. ನಿಧಾನಕ್ಕೆ ಏಳುತ್ತೆ. ಏಳುವಾಗ ಕರೆಂಟು ಹೊಡೆದ ಹಾಗಾಗುತ್ತೆ, ಹೆದರಬೇಡಿ, ಖುಷಿಪಡಿ" ಎಂದು ಸರ್ಜನ್ನು ಹೇಳಿದ್ದರು. ಜೀವಮಾನವೆಲ್ಲ ಶಾಕ್ ತಪ್ಪಿಸಿಕೊಂಡು ಬದುಕಿದವನು ಈಗ ಶಾಕಿಗಾಗಿ ಕಾಯುತ್ತ ಮಲಗಿದ್ದ.

ಕಾಯುವುದಕ್ಕೆ ಕಾರಣವೂ ಇತ್ತು. ಕಟ್ಟಡದ ಮೇಲೆ ಹೊಸದಾಗಿ ಒಂದು ಮಹಡಿ ಏಳುತ್ತಿತ್ತು. ಅದರ ವೈರಿಂಗ್ ಯಾರಿಗೆ ಕೊಡಬೇಕು ಎಂಬುದನ್ನು ಕಟ್ಟಡದ ಸೆಕ್ರೆಟರಿ ಇದೇ ಭಾನುವಾರ ತೀರ್ಮಾನಿಸುವುದಿತ್ತು. ಕಾಲು ಬಂದರೆ ಫೇಸಣ್ಣನಿಗೆ. ಬಾರದಿದ್ದರೆ ಟೇಪು ಎಂಬವನಿಗೆ. ಟೇಪು ಎಂಥ ವೈರ್‌ಮನ್ ಎಂದರೆ, ಯಾವ ತೊಂದರೆಗೂ ಅವನ ಬಳಿ ಕಪ್ಪು ಟೇಪು ಸುತ್ತುವುದೊಂದೇ ಔಷಧಿ. ಅಂಥವನು ತನ್ನ ತಲೆಯ ಮೇಲಿನ ಮಹಡಿಗೆ ಲೈನು ಎಳೆಯುವುದನ್ನು ಹಾಸಿಗೆಯಲ್ಲಿ ಮಲಗಿ ಕೇಳಿಸಿಕೊಳ್ಳಬೇಕಲ್ಲ ಎಂಬ ಭಯಕ್ಕೆ ಫೇಸಣ್ಣನಿಗೆ ಸರಿಯಾಗಿ ನಿದ್ದೆಯೂ ಹತ್ತುತ್ತಿರಲಿಲ್ಲ.

ಆರು ವಾರ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡಿದ್ದವನಿಗೆ ಅಂದು ಮೊದಲ ಸ್ನಾನ. ಅದಕ್ಕೆಂದೇ ಹಿಂದಿನ ಸಂಜೆ ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಒಂದು ಸ್ಟೀಲ್ ಹಿಡಿಕೆ ಹಾಕಿಸಿದ್ದ. ಭಾವಮೈದ ಡ್ರಿಲ್ ಹಿಡಿದು ನಿಂತಿದ್ದ, ಫೇಸಣ್ಣ ಹಾಸಿಗೆಯಿಂದಲೇ ಅಳತೆ ಹೇಳಿದ್ದ. ಈಗ ಆ ಹಿಡಿಕೆ ಹಿಡಿದು ನಿಂತಾಗಲೇ ನರಕ್ಕೆ ಜೀವ ಬಂದಿತ್ತು.

ಸುದ್ದಿ ತಿಳಿದ ಭಾವಮೈದ ಎದುರುಮನೆ ಟೈಲರಮ್ಮನಿಗೆ ಹೇಳಿದ. ಟೈಲರಮ್ಮನಿಗೆ ಹೇಳಿದ ಮೇಲೆ ಇನ್ನು ಯಾರಿಗೂ ಹೇಳುವ ಅಗತ್ಯವಿರಲಿಲ್ಲ. ಅರ್ಧ ಗಂಟೆಯಲ್ಲಿ ಹಾಲ್ ತುಂಬ ಜನ. ಕೊರಳಿಗೆ ಅಳತೆ ಪಟ್ಟಿ ನೇತುಹಾಕಿಕೊಂಡೇ ಬಂದಿದ್ದ ಟೈಲರಮ್ಮ ಎಡಗಾಲನ್ನು ಒತ್ತಿ ನೋಡಿ, "ನೋವಾಗ್ತಿದ್ಯಾ ಫೇಸಣ್ಣ?" ಅಂದಳು.

"ಇಲ್ಲ."

"ಈಗ?"

"ಇಲ್ಲ ಕಣಮ್ಮ. ಬಚ್ಚಲಲ್ಲಿ ನಿಂತಾಗ ಮಾತ್ರ ಬರುತ್ತೆ."

"ಬಚ್ಚಲಲ್ಲೇ ಯಾಕಂತೆ?"

"ಬಿಸಿನೀರಿನ ಹಬೆಗೆ ನರ ಸಡಿಲ ಆಗುತ್ತೆ, ಅದಕ್ಕೇ" ಅಂದ ಭಾವಮೈದ. ಅವನಿಗೆ ಗೊತ್ತಿಲ್ಲದ ವಿಷಯ ಯಾವುದೂ ಇರಲಿಲ್ಲ.

ಅಷ್ಟರಲ್ಲಿ ಸೆಕ್ರೆಟರಿಯೂ ಬಂದರು. ಯಾವುದನ್ನೂ ಕಣ್ಣಾರೆ ನೋಡದೆ ನಂಬುವವರಲ್ಲ. "ಎಲ್ಲಿ, ಒಂದ್ಸಲ ತೋರಿಸಿ ನೋಡೋಣ" ಅಂದರು. ಹೆಂಡತಿ ಗೀಸರ್ ಹಾಕಿದಳು. ಫೇಸಣ್ಣ ವಾಕರ್ ಸಮೇತ ಮೆರವಣಿಗೆಯಲ್ಲಿ ಬಚ್ಚಲಿಗೆ ಹೋದ. ಎಲ್ಲರೂ ಬಾಗಿಲ ಹೊರಗೆ ಉಸಿರು ಬಿಗಿಹಿಡಿದು ನಿಂತರು. ಅವನು ಹಿಡಿಕೆಗೆ ಕೈ ತಾಗಿಸಿದನೋ ಇಲ್ಲವೋ, "ಹಾ!" ಎಂದು ಕೈ ಕಿತ್ತುಕೊಂಡ. ಎಡಗಾಲು ತಾನಾಗಿ ಒಂದು ಗೇಣು ಮೇಲೆ ಹಾರಿ ಇಳಿಯಿತು.

"ಹಾರ್ತು! ಹಾರ್ತು!" ಎಂದು ಟೈಲರಮ್ಮ ಚಪ್ಪಾಳೆ ತಟ್ಟಿದಳು. ಜನ ಇನ್ನೊಮ್ಮೆ ಅಂದರು. ಅವನು ಇನ್ನೊಮ್ಮೆ ಮಾಡಿದ. ತಡವಾಗಿ ಬಂದವರಿಗಾಗಿ ಮತ್ತೂ ಒಮ್ಮೆ ಮಾಡಿದ. ಪ್ರತಿ ಸಲವೂ ಹಲ್ಲು ಕಟಕಟ ಅಂದು ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಮುಖದ ತುಂಬ ನಗು.

ಸೆಕ್ರೆಟರಿ ಅವನ ಬೆನ್ನು ತಟ್ಟಲು ಹೋಗಿ, ನೆನಪಾಗಿ, ಭುಜ ತಟ್ಟಿದರು. "ಮೇಲಿನ ಮಹಡಿ ನಿಮ್ದೇ ಅಂದ್ಕೊಳ್ಳಿ. ವ್ಯಾಯಾಮದ ಡಾಕ್ಟ್ರು ಒಂದು ಚೀಟಿ ಬರೆದುಕೊಟ್ರೆ ಸಾಕು."

ದಿನ ಬಿಟ್ಟು ದಿನ ಕಾಲಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಡಾಕ್ಟರು ಹನ್ನೊಂದಕ್ಕೆ ಬಂದರು. ಕತೆಯೆಲ್ಲ ಕೇಳಿ ಅವರಿಗೂ ಹುರುಪು ಬಂತು. "ಇಷ್ಟು ಜೋರಾಗಿ ಬರೋದು ಬಹಳ ಅಪರೂಪ. ನಾನು ಹಿಂದೆ ನಿಂತು ಹಿಡ್ಕೊಂಡಿರ್ತೀನಿ, ಯಾವ ಮಾಂಸಖಂಡ ಎಳೆಯುತ್ತೆ ಅಂತ ಕೈಗೆ ಗೊತ್ತಾಗಬೇಕು" ಎಂದು ಬೂಟು, ಕಾಲುಚೀಲ ಕಳಚಿ, ಪ್ಯಾಂಟು ಮಡಚಿಕೊಂಡು, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತರು. ಒಂದು ಕೈಯಲ್ಲಿ ಫೇಸಣ್ಣನ ತೋಳು, ಇನ್ನೊಂದರಲ್ಲಿ ತೊಡೆ.

"ಹೂಂ, ಹಿಡೀರಿ."

ಫೇಸಣ್ಣ ಹಿಡಿದ.

ಈ ಸಲ ಎರಡು ಕೂಗು ಕೇಳಿದವು. ಡಾಕ್ಟರು ಹಿಂದಕ್ಕೆ ಎಗರಿ ಬಕೆಟ್ಟಿನಲ್ಲಿ ಕೂತರು. ಬಾಗಿಲಲ್ಲಿದ್ದವರು ಹೌಹಾರಿ ಒಬ್ಬರ ಮೇಲೊಬ್ಬರು ಬಿದ್ದರು.

"ನಿಮ್ಮ ಬೆನ್ನಲ್ಲಿ ಏನ್ರೀ ಇಟ್ಟು ಹೊಲಿದಿದಾರೆ?" ಎಂದು ಡಾಕ್ಟರು ಬಕೆಟ್ಟಿನಿಂದಲೇ ಕಿರುಚಿದರು.

"ಬ್ಯಾಟರಿ! ಸ್ಕ್ರೂ ಅಂತ ಹೇಳಿ ಬ್ಯಾಟರಿ ಇಟ್ಟಿದಾರೆ!" ಅಂದಳು ಟೈಲರಮ್ಮ. ಫೇಸಣ್ಣನ ಹೆಂಡತಿ ಆರು ವಾರದಿಂದ ತಾನು ಅವನ ಪಕ್ಕದಲ್ಲೇ ಮಲಗಿದ್ದೆನಲ್ಲ ಎಂದು ನೆನೆದು ಎದೆ ಹಿಡಿದುಕೊಂಡಳು.

ಫೇಸಣ್ಣನ ನಗು ಮಾತ್ರ ನಿಧಾನವಾಗಿ ಇಳಿಯಿತು. ನರದ ಜೋಮು ಒಬ್ಬನ ಮೈಯಿಂದ ಇನ್ನೊಬ್ಬನ ಮೈಗೆ ಹೋಗುವುದಿಲ್ಲ. ಹೋಗುವುದು ಯಾವುದು ಎಂದು ಮೂವತ್ತು ವರ್ಷದ ವೈರ್‌ಮನ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಟೆಸ್ಟರ್ ಕೊಡೇ" ಅಂದ. ದನಿ ಬಾವಿಯೊಳಗಿಂದ ಬಂದಂತಿತ್ತು.

ಟೆಸ್ಟರನ್ನು ಹಿಡಿಕೆಗೆ ಮುಟ್ಟಿಸಿದ. ಪುಟ್ಟ ಬಲ್ಬು ಕೆಂಪಗೆ ಹೊತ್ತಿಕೊಂಡಿತು. ಸಾವಿರಾರು ಸಲ ನೋಡಿದ್ದ ಬೆಳಕು ಅದು. ಇಷ್ಟು ಹೊಟ್ಟೆ ಉರಿಸಿದ್ದು ಇದೇ ಮೊದಲು. ಹಿಡಿಕೆಯ ಸ್ಕ್ರೂ ಗೋಡೆಯೊಳಗಿನ ಗೀಸರ್ ವೈರನ್ನು ಕೆರೆದಿತ್ತು. ಕಾಲು ಬಂದಿರಲಿಲ್ಲ. ಬೆಳಗ್ಗಿನಿಂದ ತಾನು ಊರು ಕೂಡಿಸಿ ತೋರಿಸಿದ್ದು ತನ್ನದೇ ವೈರಿಂಗಿನ ಸೋರಿಕೆಯನ್ನು.

ಸುಮ್ಮನಿದ್ದುಬಿಡೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಬ್ಯಾಟರಿಯ ಕತೆಯನ್ನು ಜನ ಆಗಲೇ ಅರ್ಧ ನಂಬಿದ್ದರು. ಆದರೆ ಇನ್ನೊಂದು ಗಳಿಗೆಗೆ ಹೆಂಡತಿ ಬಚ್ಚಲು ತೊಳೆಯಲು ಬಂದು ಅದೇ ಹಿಡಿಕೆ ಹಿಡಿದರೆ ಎಂಬುದು ಹೊಳೆದು ಅವನು ಹಿಡಿಕೆಗೆ ಅಡ್ಡವಾಗಿ ಕೈ ಚಾಚಿದ.

"ಯಾರೂ ಇದನ್ನ ಮುಟ್ಟಬೇಡಿ. ಇದು ಫೇಸು."

ಮೊದಲು ಬಾಯಿ ಬಿಟ್ಟವನು ಭಾವಮೈದ.

"ಭಾವ, ನಾನು ಕೇಳಿದ್ದೆ, ಇಲ್ಲಿ ವೈರ್ ಇಲ್ಲ ತಾನೇ ಅಂತ. ನೀವೇ ಹೇಳಿದ್ರಿ, ನನ್ನ ಕೈಯಾರೆ ಎಳೆದಿದ್ದು, ಕಣ್ಣುಮುಚ್ಚಿ ಹೊಡಿ ಅಂತ."

"ಅದಕ್ಕೆ ನೀನು ನಿಜವಾಗ್ಲೂ ಕಣ್ಣುಮುಚ್ಚಿ ಹೊಡೆದ್ಯಾ?"

ಸೆಕ್ರೆಟರಿ ದಡದಡ ಕೆಳಗಿಳಿದು ಇಡೀ ಕಟ್ಟಡದ ಮೈನ್ ಆಫ್ ಮಾಡಿ, ಯಾರನ್ನೂ ನಂಬದೆ ಫ್ಯೂಸುಗಳನ್ನೂ ಕಿತ್ತು ಕೈಯಲ್ಲಿ ಹಿಡಿದುಕೊಂಡು ವಾಪಸು ಬಂದರು. ಹನ್ನೆರಡು ಮನೆಗಳ ಫ್ಯಾನು ನಿಂತು ಜನವೆಲ್ಲ ಫೇಸಣ್ಣನ ಮನೆಗೇ ಬಂದು ಸೇರಿದರು.

ಡಾಕ್ಟರು ಒದ್ದೆ ಪ್ಯಾಂಟಿನಲ್ಲೇ ತಮ್ಮ ಕೆಲಸ ಮುಗಿಸಿದರು. ಫೇಸಣ್ಣನನ್ನು ಮರದ ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಎಡಗಾಲಿಗೆ ಗುಂಡುಸೂಜಿ ಚುಚ್ಚಿದರು.

"ಏನಾದ್ರೂ ಗೊತ್ತಾಯ್ತಾ?"

"ಇಲ್ಲ."

"ಇಲ್ಲಿ?"

"ನೀವು ಶುರು ಮಾಡಿದ್ರಾ?"

ಡಾಕ್ಟರು ನಿಟ್ಟುಸಿರು ಬಿಟ್ಟು ಚೀಟಿ ಬರೆದು ಸೆಕ್ರೆಟರಿಗೆ ಕೊಟ್ಟರು. 'ಎಡಗಾಲಿನಲ್ಲಿ ಸ್ಪರ್ಶವಿಲ್ಲ. ಬೆಳಗ್ಗೆ ಹಾರಿದ್ದು ಕರೆಂಟಿಗೆ. ಮನೆಯ ವೈರಿಂಗಿಗೆ ತುರ್ತು ಚಿಕಿತ್ಸೆ ಬೇಕು.' ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದರು.

ಫೇಸಣ್ಣ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತ. ಬೆಳಗ್ಗೆ ಸಿಕ್ಕಿದ್ದ ಕಾಲು ಮಧ್ಯಾಹ್ನಕ್ಕೆ ಹೋಗಿತ್ತು, ಜೊತೆಗೆ ಹೆಸರೂ ಹೋಗಿತ್ತು. ಸುತ್ತಲೂ ಜನ ತಮ್ಮ ತಮ್ಮ ಮನೆಯ ಸ್ವಿಚ್ಚುಗಳು ಯಾವ್ಯಾವಾಗ ಚಿಟಪಟ ಅಂದಿದ್ದವು ಎಂದು ಪೈಪೋಟಿಯಲ್ಲಿ ನೆನಪು ಮಾಡಿಕೊಳ್ಳುತ್ತಿದ್ದರು. ಅವನಿಗೆ ಅಳು ಬರುವಂತಾಗಿತ್ತು.

ಆಗ ಬೆಲ್ಟಿನ ಅಡಿಯಲ್ಲಿ, ಆ ತಲುಪದ ತುರಿಕೆ ಇದ್ದ ಜಾಗದಲ್ಲಿ, ಏನೋ ಮಿಸುಕಿತು. ಬಿಸಿ ತಂತಿಯೊಂದು ಪೃಷ್ಠದ ಒಳಗಿನಿಂದ ತೊಡೆಯ ಹಿಂಬದಿಗೆ ಇಳಿಯಿತು. ಮೊಣಕಾಲಿನ ಹತ್ತಿರ ಒಂದು ಗಳಿಗೆ ನಿಂತು ಯೋಚಿಸಿತು. ಆಮೇಲೆ ಇರುವೆಯ ಗೂಡು ಒಡೆದ ಹಾಗೆ ಮೀನಖಂಡ, ಹಿಮ್ಮಡಿ, ಪಾದ ಎಲ್ಲದರಲ್ಲೂ ಒಟ್ಟಿಗೆ ಹರಿದು ಹೆಬ್ಬೆರಳಿನ ತುದಿಯಲ್ಲಿ ಛಟ್ಟನೆ ಸಿಡಿಯಿತು. ಬೆಳಗ್ಗಿನದು ಇದರ ಮುಂದೆ ಕಚಗುಳಿ. ಅಷ್ಟೇ ಅಲ್ಲ, ಎಡಪಾದದ ಕೆಳಗೆ ನೆಲ ತಣ್ಣಗಿದೆ ಎಂದು ಆರು ವಾರದಲ್ಲಿ ಮೊದಲ ಬಾರಿಗೆ ಅವನಿಗೆ ಗೊತ್ತಾಯಿತು. ಡಾಕ್ಟರು ಚುಚ್ಚಿದ್ದ ಕಡೆಯೆಲ್ಲ ಉರಿಯತೊಡಗಿತು.

"ಅಯ್ಯಯ್ಯಮ್ಮಾ! ಶಾಕ್! ಶಾಕ್ ಹೊಡೀತು!"

ಹಾಲ್ ಪೂರ್ತಿ ಎದ್ದು ಹಾರಿತು. ಟೈಲರಮ್ಮ ಸೋಫಾದ ಮೇಲೆ ಹತ್ತಿದಳು.

"ಮೈನ್ ಆಫ್ ಮಾಡ್ರೋ!" ಎಂದು ಯಾರೋ ಕೂಗಿದರು.

"ಮೈನ್ ಆಫೇ ಇದೆ! ಫ್ಯೂಸು ನನ್ನ ಕೈಲಿದೆ!" ಎಂದು ಸೆಕ್ರೆಟರಿ ಎರಡೂ ಮುಷ್ಟಿ ಎತ್ತಿ ತೋರಿಸಿದರು. ತೋರಿಸುತ್ತಿದ್ದಂತೆ ಅವರ ಮುಖ ಬಿಳಿಚಿಕೊಂಡಿತು.

"ಇದು ಕರೆಂಟಲ್ಲ ಸಾರ್! ಇದು ನರ! ನಿಜವಾದ ನರ! ನನ್ನ ಕಾಲು ಬಂತು!"

"ಬೆಳಗ್ಗೆಯಿಂದ ಇದನ್ನೇ ಹೇಳ್ತಿದೀರಿ."

"ಆಗ ಸುಳ್ಳಾಗಿತ್ತು ಸಾರ್, ಈಗ ನಿಜ! ಬೇಕಾದ್ರೆ ಮುಟ್ಟಿ ನೋಡಿ!"

ಮುಟ್ಟಿ ನೋಡಿ ಎಂದದ್ದೇ ತಪ್ಪಾಯಿತು. ಒಬ್ಬರಿಗೂ ಧೈರ್ಯ ಸಾಲದೆ ಜನವೆಲ್ಲ ಬಾಗಿಲಿನ ಆಚೆ ಸರಿದರು. ಸೆಕ್ರೆಟರಿ ಮೆಟ್ಟಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುವುದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

"ಟೇಪು ಅವರಾ? ಈಗಿಂದೀಗ್ಲೇ ಬನ್ನಿ. ಮೈನ್ ಆಫ್ ಮಾಡಿ ಫ್ಯೂಸ್ ಕಿತ್ರೂ, ಮರದ ಕುರ್ಚೀಲಿ ಕೂತೋರಿಗೆ ಹೊಡೀತಿದೆ... ಹೌದ್ರೀ, ಕಣ್ಣಾರೆ ನೋಡ್ದೆ... ಗೋಡೆ ಒಡೀಬೇಕಾ? ಹನ್ನೆರಡು ಮನೇದೂನಾ?... ಒಡೀರಿ. ಮೇಲಿನ ಮಹಡೀನೂ ನೀವೇ ನೋಡ್ಕೊಳ್ಳಿ."

ಫೇಸಣ್ಣ ಹೆಂಡತಿಯತ್ತ ತಿರುಗಿದ. ಅವಳು ಅಡುಗೆಮನೆಯ ಬಾಗಿಲಲ್ಲಿ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಳು.

"ನೀನಾದ್ರೂ ನೋಡೇ, ಹೆಬ್ಬೆರಳು ಆಡ್ತಿದೆ."

"ಆಡ್ಲಿ ಬಿಡ್ರೀ. ಅವರು ಬಂದು ಟೇಪು ಸುತ್ತಿದ ಮೇಲೆ ನೋಡ್ತೀನಿ" ಅಂದಳು ಅವಳು ದೂರದಿಂದಲೇ, ಕಣ್ಣೊರೆಸಿಕೊಳ್ಳುತ್ತ.

ಇನ್ನೊಂದು ಝುಂ ಸೊಂಟದಲ್ಲಿ ಹೊರಡುವುದು ಫೇಸಣ್ಣನಿಗೆ ತಿಳಿಯಿತು. ಮೊದಲಿನದಕ್ಕಿಂತ ಜೋರಾಗಿಯೇ ಬರುತ್ತಿತ್ತು. ಅವನು ಹೆಗಲ ಮೇಲಿನ ಟವೆಲನ್ನು ಬಾಯಿಗೆ ತುರುಕಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ, ಸದ್ದಿಲ್ಲದೆ ಕೂತ. ಕಿಟಕಿ ತೆರೆದಿತ್ತು, ಎದುರಿನ ಕಟ್ಟಡದವರು ಆಗಲೇ ಬಾಲ್ಕನಿಗೆ ಬಂದು ಇತ್ತಲೇ ನೋಡುತ್ತಿದ್ದರು. ಅವರ ಮನೆಗಳಿಗೆ ಲೈನು ಎಳೆದವನೂ ಅವನೇ.