ಕಾಕಾನ ಎರಡನೇ ಸ್ಪಿಂಡಲ್

ನಮ್ಮ ಕಾಕಾ ಮನಶ್ಯಾರಿಗೆ ಮರ್ಯಾದಿ ಕೊಡಂಗಿಲ್ಲ. ಸುಳ್ಳಲ್ರಿ, ಗಜೇಂದ್ರಗಡದಾಗ ಯಾರನ್ನರ ಕೇಳ್ರಿ! ಗಿರಾಕಿ ಬಂದ್ರ "ಬಾರಪಾ, ಕುಂದ್ರ" ಅಂತಾನ. ಬೀಗರು ಬಂದ್ರ "ಉಂಡ ಬಂದಿಯೋ, ಇಲ್ಲೇ ಉಣ್ಣಾಂವೋ?" ಅಂತಾನ. ನನಗಂತೂ ಹುಟ್ಟಿದಾಗಿಂದ "ಲೇ" ಅನ್ನೂದೇ ಹೆಸರು. ಆದ್ರ ಅಂವನ ಅಂಗಡ್ಯಾಗ ಒಂದ ಮಷಿನ್ ಐತಿ. ದಿನಾ ಮುಂಜಾನೆ ಚಪ್ಪಲಿ ಹೊರಗ ಬಿಟ್ಟು, ಕೈ ತೊಳಕೊಂಡು, ಅದರ ಮುಂದ ನಿಂತು ಏನಂತಾನ ಗೊತ್ತೇನ್ರಿ?

"ಎದ್ದೀರೇನ್ರಿ? ನಿನ್ನೆ ಕರೆಂಟ್ ಹೋಗಿ ಬಂದು ಮಾಡ್ತು, ತ್ರಾಸ ಆಗಲಿಲ್ಲಲ್ರಿ?"

ಕಟಗಿ ಕೊರಿಯೂ ಮಷಿನ್ನಿಗೆ ರೀ! ಡಿಪ್ಲೋಮಾ ಓದಿದ ಅಣ್ಣನ ಮಗನಿಗೆ ಲೇ!

ಡಿಪ್ಲೋಮಾ ಅಂದಕೂಡ್ಲೆ ನನ್ನ ಬಗ್ಗೆ ಭಾಳ ತಿಳ್ಕೋಬ್ಯಾಡ್ರಿ. ನಾ ರೋಣದಾಂವ. ಹುಬ್ಬಳ್ಳ್ಯಾಗ ಎರಡ ಫ್ಯಾಕ್ಟರಿ ಕಂಡ ಬಂದೇನಿ. ಮೊದಲನೇದರಾಗ ಹದಿನೈದ ದಿನಕ್ಕ ಒಂದ ಮಷಿನ್ ಕೆಡಿಸಿದೆ. ಎರಡನೇದರಾಗ ಅನುಭವ ಇತ್ತಲ್ಲಾ, ನಾಕ ದಿನಕ್ಕ ಕೆಡಿಸಿದೆ! ಕಡೀಕ ನಮ್ಮವ್ವ ಚೀಲಾ ತುಂಬಿ ಗಜೇಂದ್ರಗಡದ ಬಸ್ ಹತ್ತಿಸಿದ್ಲು. "ನಿಮ್ಮ ಕಾಕಾನೂ ಬ್ಯಾಡ ಅಂದ್ರ ಮುಗೀತು. ಮತ್ತ ಮಷಿನ್ ಕೆಲಸದ ಹೆಸರ ತಗೀಬ್ಯಾಡ, ಪಾನ್ ಅಂಗಡಿ ಹಾಕು" ಅಂದ್ಲು. ನನಗೋ ಮಷಿನ್ ಬಿಟ್ರ ಯಾವುದರ ಮ್ಯಾಲೂ ಜೀವ ಇಲ್ಲ. ಮಷಿನ್ನಿಗೆ ನನ್ನ ಮ್ಯಾಲೆ ಇರಲಿಲ್ಲ, ಅಷ್ಟ!

ಕಾಕಾ ಮೊದಲ ನೇಕಾರ. ಸೀರಿ ನೇಯ್ತಿದ್ದ. ಆಮ್ಯಾಲೆ ಬಾಗಲಾ, ದೇವರ ಮಂಟಪ ಕೆತ್ತೂ ಈ ಸಿಎನ್‌ಸಿ ಮಷಿನ್ ತಂದ. ಅದರಾಗ ಸ್ಪಿಂಡಲ್ ಅಂತ ಗರಗರ ತಿರಗೂ ಮೋಟರ್ ಇರತೈತಿ. ಅದರ ತುದಿಗೆ ಬಿಟ್ ಹಚ್ಚಿದ್ರ ಕಟಗಿ ಕೊರೀತೈತಿ. ಮೊದಲ ದಪ್ಪ ಬಿಟ್ಟಿಲೆ ಒರಟ ಒರಟ ಕೊರೀಬೇಕು. ಆಮ್ಯಾಲೆ ಅದನ್ನ ಬಿಚ್ಚಿ, ಸಣ್ಣ ಬಿಟ್ ಹಚ್ಚಿ, ಮೂಗು ಕಣ್ಣು ನಯಾ ಮಾಡಬೇಕು. ಬಿಚ್ಚೂದು ಹಚ್ಚೂದು ಬ್ಯಾಸರಾಗಿ ಕಾಕಾ ಒಂದಿನಾ ಅಂದ:

"ಇನ್ನೊಂದ ಸ್ಪಿಂಡಲ್ ಕೂಡಿಸೋಣಲೇ. ಒಂದು ದಪ್ಪ ಕೆಲಸಕ್ಕ, ಒಂದು ಸಣ್ಣ ಕೆಲಸಕ್ಕ. ಮಗ್ಗದಾಗ ನಾ ಮೂರ ಲಾಳಿ ಆಡಸ್ತಿದ್ದೆ, ಇವರಿಗೆ ಎರಡ ಸ್ಪಿಂಡಲ್ ಆಡಸಾಕ ಆಗಂಗಿಲ್ಲೇನು?"

ಸ್ಪಿಂಡಲ್ ಬಂತು. ಮೊದಲನೇದರ ಬಾಜೂಕ ಬೋಲ್ಟ್ ಬಿಗದ ಕೂಡಿಸಿದ್ವಿ. ಇನ್ನ ಕಂಟ್ರೋಲರಿಗೆ, ಅಂದ್ರ ಮಷಿನ್ನಿನ ತಲೀಗೆ, ತಿಳಿಸಿ ಹೇಳಬೇಕು: ನೋಡಪಾ, ಈಗ ಇಬ್ಬರು ಅದಾರ, ಇಬ್ಬರ ನಡುವ ಇಷ್ಟ ಅಂತರ ಐತಿ ಅಂತ. ಮಷಿನ್ ಮಾರಿದ ಕಂಪನಿ ಎಂಜಿನಿಯರ್ ಫೋನಿನ್ಯಾಗ ಕೇಳಿದ್ರು, "ಎರಡು ಸ್ಪಿಂಡಲ್ ಮಧ್ಯೆ ಎಷ್ಟು ಮಿಲಿಮೀಟರ್ ಇದೆ ಸಾರ್?"

ಕಾಕಾ ಅಂದ, "ಒಂದ ಗೇಣಪಾ."

"ಗೇಣಲ್ಲ ಸಾರ್, ಸರಿಯಾಗಿ ಹೇಳಿ."

"ಸರಿಯಾಗೇ ಒಂದ ಗೇಣ! ನನ್ನ ಗೇಣ."

"ನಿಮ್ಮ ಗೇಣು ನನಗೆ ಹೇಗೆ ಗೊತ್ತಾಗಬೇಕು ಸಾರ್?"

"ಬಾ, ತೋರಸ್ತೇನಿ!"

ನಾ ನಡುವ ಬಾಯಿ ಹಾಕಿದೆ. "ಸರೀರಿ ಕಾಕಾ, ಇದು ಓದಿದವರ ಕೆಲಸ" ಅಂದು ಸ್ಕೇಲ್ ಹಿಡದು ಅಳದೆ. ಇನ್ನೂರಾ ಇಪ್ಪತ್ತ ಮಿಲಿಮೀಟರ್! ಕಂಟ್ರೋಲರಿಗೆ ಒತ್ತಿದೆ. ಪ್ಲೈವುಡ್ ಮ್ಯಾಲೆ ಒಂದ ಹೂವ ಕೆತ್ತಿಸಿ ನೋಡಿದ್ರ, ಎಸಳು ಒಂದ ಕಡೆ, ಎಸಳಿನ ಗೆರಿ ಒಂದ ಕಡೆ! ಹೂವಿನ ಜೀವ ಹಾರಿ ಬಾಜೂಕ ಬಿದ್ದಂಗ ಕಾಣ್ತಿತ್ತು.

ಕಾಕಾ ಮಗ್ಗದ ಹಳೇ ಗಂಟಿನಾಗಿಂದ ಒಂದ ರೇಶಿಮಿ ಎಳಿ ಜಗ್ಗಿ ತಗದ. ಎರಡೂ ಬಿಟ್ಟಿನ ತುದಿಗೆ ಹಿಡದು ಬಿಗಿ ಮಾಡಿದ, ಕತ್ತರಿಸಿದ, ಟೇಪಿನ ಮ್ಯಾಲೆ ಇಟ್ಟ. ಇನ್ನೂರಾ ಹತ್ತು. ಆಮ್ಯಾಲೆ ನನ್ನ ಸ್ಕೇಲ್ ಇಸ್ಕೊಂಡು ನನ್ನ ಮೂಗಿಗೇ ಹಿಡದ. "ಇದರ ತುದಿ ಎಲ್ಲೈತ್ಲೇ?"

ತುದಿ ಮುರದಿತ್ರಿ! ಸಾಲ್ಯಾಗಿನ ಸ್ಕೇಲು, ಒಂದರಿಂದ ಚಾಲೂ ಆಗತಿತ್ತು. ನಾ ಅದನ್ನ ಸೊನ್ನಿ ಅಂತ ತಿಳದಿದ್ದೆ. ಡಿಪ್ಲೋಮಾ!

"ತಪ್ಪಾತ್ರಿ ಅನ್ನು."

"ತಪ್ಪಾತ್ರಿ ಕಾಕಾ."

"ನನಗಲ್ಲಲೇ, ಅವರಿಗೆ! ಪಾಪ, ನೀ ಹೇಳಿದ್ದ ನಂಬಿ ಕೆಲಸಾ ಮಾಡಿದ್ರು."

ಇಬ್ಬರು ಗಿರಾಕಿ ನೋಡಕೋತ ನಿಂತಾಗ, ನಾ ಕೈ ಮುಗದು ಒಂದ ಕಬ್ಬಿಣದ ಮಷಿನ್ನಿಗೆ ಮಾಫಿ ಕೇಳಿದೆ. ಬ್ಯಾರೆ ಯಾರರ ಕೇಳ್ಯಾರೇನ್ರಿ ಹಿಂಗ?

ಇಷ್ಟಕ್ಕ ಬುದ್ಧಿ ಬಂದಿದ್ರ ಮುಂದಿನ ಕತಿ ಇರತಿರಲಿಲ್ಲ. ಸೂಡಿಯೊಳಗ ಒಬ್ಬರದು ಹೊಸಾ ಮನಿ, ಶುಕ್ರವಾರ ಮನಿ ಒಕ್ಕಲು. ಅವರ ತಲಬಾಗಲಾ ನಮ್ಮ ಕಡೆ ಬಂತು. ಚಲೋ ಸಾಗವಾನಿ, ನಟ್ಟ ನಡುವ ಲಕ್ಷ್ಮಿ ಕೆತ್ತಬೇಕು. ಸೋಮವಾರ ಕಾಕಾ ನರಗುಂದಕ್ಕ ಹೊಂಟವ ಬಾಗಲದಾಗ ನಿಂತು, "ಮೊದಲ ಪ್ಲೈವುಡ್ ಮ್ಯಾಲೆ ಓಡಿಸಿ ನೋಡು. ಕೇಳ್ತೇನ್ಲೇ?" ಅಂದ.

"ಹೂನ್ರಿ" ಅಂದೆ. ಬಸ್ಸು ಊರ ದಾಟಿರಲಿಕ್ಕಿಲ್ಲ, ಸೀದಾ ಸಾಗವಾನಿ ಮಲಗಿಸಿದೆ! ಕಾಕಾ ಬರೂದರಾಗ ಲಕ್ಷ್ಮಿನ್ನ ತೋರಿಸಿ ಶಭಾಶ್ ಅನಿಸ್ಕೋಬೇಕಲ್ಲಾ?

ನಾ ಕಂಟ್ರೋಲರಿಗೆ ಇಬ್ಬರು ಅದಾರ ಅಂತ ಹೇಳಿದ್ದೆ. ಅಂತರಾನೂ ಹೇಳಿದ್ದೆ. ಒಂದ ಕೆಲಸಾ ಮಾಡೂಮುಂದ ಇನ್ನೊಂದು ಮ್ಯಾಲೆ ಎದ್ದು ಸುಮ್ಮನಿರಬೇಕು ಅನ್ನೂದನ್ನ ಮಾತ್ರ ಹೇಳಿರಲಿಲ್ಲ; ಹೂವ ಕೆತ್ತೂಮುಂದ ಅದನ್ನ ಕೈಲೇ ಮ್ಯಾಲೆ ಎತ್ತಿದ್ವಿ. ಬಟನ್ ಒತ್ತಿ ನಾ ಚಾ ತರಾಕ ಹೋದೆ. ಬಂದ ನೋಡ್ತೇನಿ, ಎರಡೂ ಸ್ಪಿಂಡಲ್ ಜೋಡೀಲೆ ಇಳದು ಗುರ್ರ್ ಅಂತ ಕೆತ್ತಾಕ ಹತ್ಯಾವ! ನಡುವ ಒಬ್ಬಾಕಿ ಲಕ್ಷ್ಮಿ, ಬಲಕ್ಕ ಇನ್ನೊಬ್ಬಾಕಿ ಲಕ್ಷ್ಮಿ! ಸಣ್ಣ ಬಿಟ್ ದಪ್ಪ ಕೆಲಸಾ ತಡೀಲಾರದ ಟಣ್ಣಂತ ಮುರದು, ಎರಡನೇ ಲಕ್ಷ್ಮಿ ಕಿರೀಟದಿಂದ ಮೂಗಿನ ತನಕ ಬಂದು ನಿಂತಿದ್ಲು. ಮಂದಿ ಮನಿಗೆ ಒಬ್ಬಾಕಿ ಲಕ್ಷ್ಮಿ ಬರೂದ ಕಷ್ಟ. ನಾ ಒಂದೂಕಾಲ ಲಕ್ಷ್ಮಿ ಕರದಿದ್ದೆ!

ನಗು ಬರ್ತೈತಲ್ರಿ? ನನಗ ಬರಲಿಲ್ಲ. ಚೀಲಾ ತುಂಬಿದೆ. ಚಿಗವ್ವ, "ಎಲ್ಲಿಗೋ?" ಅಂದ್ಲು. "ರೋಣಕ್ಕ. ಪಾನ್ ಅಂಗಡಿಗೆ" ಅಂದೆ. ಪಾಪ, ಆಕಿ ಪಾನ್ ತರಾಕ ಹೊಂಟಾನ ಅಂತ ತಿಳದು, "ಗಜೇಂದ್ರಗಡದಾಗ ಸಿಗಂಗಿಲ್ಲೇನು?" ಅಂದ್ಲು.

ಅಷ್ಟರಾಗ ಕಾಕಾ ಬಂದ. ಬಾಗಲಾ ನೋಡಿದ, ಮುರದ ಬಿಟ್ ನೋಡಿದ, ನನ್ನ ಚೀಲಾ ನೋಡಿದ. ಮಷಿನ್ ಮ್ಯಾಲೆ ಕೈ ಇಟ್ಟು, "ಪೆಟ್ಟ ಆತೇನ್ರಿ?" ಅಂದ. ಆಮ್ಯಾಲೆ ಎಂಜಿನಿಯರ್‌ಗೆ ಫೋನ್ ಹಚ್ಚಿದ. ಸ್ಪೀಕರಿನ್ಯಾಗ ಅವರ ಮಾತ ನನಗೂ ಕೇಳಸ್ತಿತ್ತು: "ಸಾರ್, ಸೆಟ್ಟಿಂಗಿಗೆ ಪಾಸ್‌ವರ್ಡ್ ಹಾಕಿ ಲಾಕ್ ಮಾಡಿಬಿಡಿ. ಆ ಹುಡುಗನ ಕೈಗೆ ಕೊಡಲೇಬೇಡಿ."

ಕಾಕಾ ಅಂದ, "ಲಾಕ್ ಮಾಡಿದ್ರ ಅಂವ ಕಲಿಯೂದು ಯಾವಾಗಪಾ?"

ನಾ ಚೀಲಾ ಕೆಳಗಿಟ್ಟೆ. ಕಾಕಾ ಬಾಗಲದ ಮುಂದ ಕುಂತು, ಬೆರಳಿಲೆ ಅಳಕೋತ ಹೇಳಿದ: "ನಮ್ಮ ಸೀರಿ ನೋಡಿಯಿಲ್ಲೋ? ಮೈ ಹಾಸಿನ ಎಳಿ ಬ್ಯಾರೆ, ಸೆರಗಿನ ಹಾಸಿನ ಎಳಿ ಬ್ಯಾರೆ. ಎರಡನ್ನೂ ಕೊಂಡಿಗೆ ಕೊಂಡಿ ಹಾಕಿ ಕೂಡಸ್ತೇವಿ. ಜಗ್ಗಿದ್ರ ಹರಿಯಂಗಿಲ್ಲ. ಈ ಕೆಟ್ಟ ಬಾಜೂ ಉದ್ದಕ್ಕ ಕೊಯ್ದ ತಗಿ. ಕರೀ ಬೀಟಿ ಕಟಗಿ ಹಲಗಿ ಕೂಡಸೋಣು. ಬಾಗಲಕ್ಕ ಸೆರಗ ಹಚ್ಚೋಣು!"

ಮೂರ ದಿನಾ ನಾ ಊಟಾ ಮರತೆ. ದಪ್ಪ ಸ್ಪಿಂಡಲ್ಲಿಲೆ ಎರಡೂ ಹಲಗಿಗೆ ಒಂದಕ್ಕೊಂದು ಕಚ್ಚೂವಂಥ ಹಲ್ಲು ಕೊರಸಿದೆ. ಅವು ಕೂಡಿದ ಗೆರಿ ಮ್ಯಾಲೆ ಸಣ್ಣ ಸ್ಪಿಂಡಲ್ಲಿಲೆ ಸೀರಿ ದಡಿ ಕೆತ್ತಿಸಿದೆ. ಒಂದ ಇಳದಾಗ ಇನ್ನೊಂದ ಮ್ಯಾಲೆ. ಪ್ರತಿ ಸಲಾ ಮೊದಲ ಪ್ಲೈವುಡ್, ಆಮ್ಯಾಲೆ ಸಾಗವಾನಿ. ಕಾಕಾ ಕಂಟ್ರೋಲರ್ ಒಂದ ಸಲಾನೂ ಮುಟ್ಟಲಿಲ್ಲ. ಬಾಜೂಕ ಸ್ಟೂಲ್ ಹಾಕ್ಕೊಂಡು ಕುಂತು, ನಾ ಬಟನ್ ಒತ್ತೂಮುಂದೆಲ್ಲಾ ಕಣ್ಣ ಮುಚ್ಚತಿದ್ದ. ಅದು ಭರೋಸೆಯೋ ಅಂಜಿಕಿಯೋ, ನನಗ ಇನ್ನೂ ತಿಳದಿಲ್ಲ!

ಶುಕ್ರವಾರ ಮುಂಜಾನೆ ಟಂಟಂ ಗಾಡ್ಯಾಗ ಬಾಗಲಾ ಹಾಕ್ಕೊಂಡು ಸೂಡಿಗೆ ಹೋದ್ವಿ. ಮನಿ ಅಜ್ಜಿ ಬಂದು, ಕೂಡಿದ ಗೆರಿ ಮ್ಯಾಲೆ ಬೆರಳ ಆಡಿಸಿ, "ಇದೇನಪಾ, ಲಕ್ಷ್ಮಿಗೆ ಸೆರಗ ಹೊಚ್ಚೀರಲ್ಲಾ!" ಅಂದ್ಲು. ನಾ ಹಲ್ಲ ಕಿಸದು ಸುಮ್ಮನಿದ್ದೆ. ಕಾಕಾ ಸುಮ್ಮನಿರೂ ಪೈಕಿ ಅಲ್ಲ. ಒಂದೂಕಾಲ ಲಕ್ಷ್ಮಿ ಕತಿ ಪೂರಾ ಹೇಳಿಬಿಟ್ಟ! ನೆರದವರೆಲ್ಲಾ ನಕ್ಕರು. ಅಜ್ಜಿ ನಕ್ಕು ನಕ್ಕು ಕಣ್ಣ ಒರಸಿಕೊಂಡು, "ಇರಲಿ ಬಿಡು, ಊರಾಗ ಯಾರ ಬಾಗಲಕ್ಕ ಐತಿ ಸೆರಗು?" ಅಂದ್ಲು.

ಬಾಗಲಾ ನಿಲ್ಲಿಸಿದ ಮ್ಯಾಲೆ, ಕೆತ್ತಿದವನ್ನ ಮಣಿ ಮ್ಯಾಲೆ ಕುಂಡ್ರಿಸಿ ರುಮಾಲ ಸುತ್ತೂ ಪದ್ಧತಿ ಐತಿ. ಮನಿ ಯಜಮಾನ್ರು ಹೊಸಾ ರುಮಾಲ ಹಿಡಕೊಂಡು ಕಾಕಾನ ಕಡೆ ಬಂದ್ರು. ಕಾಕಾ ಎರಡ ಹೆಜ್ಜಿ ಹಿಂದ ಸರದ.

"ನನಗಲ್ಲಪಾ. ಕೆತ್ತಿದಾಂವ ಅಂವ."

ನಾ ಕಿವ್ಯಾಗ ಅಂದೆ, "ಕಾಕಾ, ಕೆಡಿಸಿದಾಂವ ನಾನ್ರಿ!"

"ಕೆಡಿಸಿದ್ದೂ ನೀನ, ಕೂಡಿಸಿದ್ದೂ ನೀನ. ಕುಂದರ್ಲೇ."

ಯಜಮಾನ್ರ ಕೈಯಾಗಿಂದ ರುಮಾಲ ಇಸ್ಕೊಂಡು ಕಾಕಾ ತಾನ ನನ್ನ ತಲೀಗೆ ಸುತ್ತಿದ. ಸುತ್ತಕೋತ ಮಂದಿಗೆಲ್ಲಾ ಕೇಳೂವಂಗ, "ಮುಂದಿನ ಸಲಾ ಬಾಗಲಾ ಬೇಕಾದ್ರ ಇವನ್ನ ಕೇಳ್ರಪಾ. ಅಂಗಡಿ ಇವನದ" ಅಂದ. ಹುಬ್ಬಳ್ಳ್ಯಾಗ ಎರಡ ಕಡೆ ಗೇಟಿನ ಹೊರಗ ಬಿದ್ದ ಬಂದಾಂವ ನಾನು.

ವರ್ಷಾನಗಟ್ಲೆ ಸೀರಿ ನೇಯ್ದವಗ ರುಮಾಲ ಸುತ್ತಾಕ ಬರಂಗಿಲ್ರಿ! ಸಡ್ಲಾಗಿ ಜಾರಿ ನನ್ನ ಒದ್ದಿ ಆದ ಕಣ್ಣಿನ ಮ್ಯಾಲೆ ಬಂದು ಕುಂತಿತು. ನಾ ಅದನ್ನ ಮ್ಯಾಲೆ ಸರಸಾಕ ಹೋಗಲಿಲ್ಲ.