ಯುಗಾದಿಯವರೆಗೆ ಕಾಯಬೇಕಿತ್ತು

ಡ್ರೈಯರ್‌ನಿಂದ ತೆಗೆದ ಬಿಸಿ ಬಟ್ಟೆಯ ರಾಶಿಯ ಮುಂದೆ ಕೂತು ಸಿದ್ಧಲಿಂಗೇಶ ಕಾಲುಚೀಲಗಳನ್ನು ಜೋಡಿ ಮಾಡುತ್ತಿದ್ದ. ಜೋಡಿ ಸಿಕ್ಕಿದ್ದನ್ನು ಉಂಡೆ ಕಟ್ಟಿ ಮೂಲೆಯ ಬುಟ್ಟಿಗೆ ಎಸೆಯುತ್ತಿದ್ದ. ಏಳು ಎಸೆದಿದ್ದ, ಏಳೂ ಹೊರಗೆ. ಎಂಟನೆಯದು ಅಡುಗೆಮನೆಯ ಕಟ್ಟೆ ಹಾರಿ, ಊರಿನಿಂದ ಬಂದಿದ್ದ ಅತ್ತೆ ಗುರುಬಸವ್ವ ಕುಟ್ಟುತ್ತಿದ್ದ ಶೇಂಗಾ ಚಟ್ನಿಯ ಪಕ್ಕದಲ್ಲೇ ಬಿತ್ತು.

"ಅಳಿಯರ, ಚಟ್ನಿಗೆ ಉಪ್ಪು ನಾನ ಹಾಕೇನಿ," ಎಂದರು ಗುರುಬಸವ್ವ, ತಲೆ ಎತ್ತದೆ.

ಸಿದ್ಧಲಿಂಗೇಶನಿಗೆ ಅದು ಕೇಳಿಸಲೇ ಇಲ್ಲ. ಕಿಟಕಿಯಾಚೆ ಸ್ಯಾನ್ ಡಿಯೇಗೊದ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಆ ಮಂಜಿನಲ್ಲಿ ಅವನಿಗೆ ಆರೂವರೆ ಅಡಿ ಎತ್ತರದ ಒಬ್ಬ ಹುಡುಗ ನಿಧಾನವಾಗಿ ಮೇಲೇರುವುದು ಕಾಣುತ್ತಿತ್ತು. ಹುಡುಗ ಏರುತ್ತಲೇ ಇದ್ದ, ಕೆಳಗೆ ಬರುವ ಅವಸರವೇ ಅವನಿಗಿರಲಿಲ್ಲ. ಅವನ ಹೆಸರು ಅರವಿಂದ. ಗದಗಿನವನು, ಲಾಸ್ ಏಂಜಲೀಸ್‌ನ ನಾರ್ತ್‌ರಿಜ್‌ನಲ್ಲಿ ಓದುತ್ತಿದ್ದ. ಆಡುತ್ತಿದ್ದುದೂ ಲಾಸ್ ಏಂಜಲೀಸ್ ಕನ್ನಡಿಗರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ.

ಸ್ಯಾನ್ ಡಿಯೇಗೊ ತಂಡಕ್ಕೆ ಸಿದ್ಧಲಿಂಗೇಶ ಕ್ಯಾಪ್ಟನ್. ತಂಡದಲ್ಲಿ ಹದಿನೈದು ಮಂದಿ, ಎಲ್ಲರೂ ಐದೂವರೆ ಅಡಿಯ ಆಚೀಚೆ. ಬಾಲು ಮೇಲೆ ಹೋಯಿತೆಂದರೆ ಅದು ತಾನಾಗಿ ಇಳಿಯುವವರೆಗೂ ಹದಿನೈದೂ ಜನ ಗ್ರಹಣ ನೋಡಿದಂತೆ ನೋಡುತ್ತ ನಿಲ್ಲುತ್ತಿದ್ದರು. ಯುಗಾದಿಯ ಮರು ಭಾನುವಾರ ಎರಡೂ ಊರಿನವರು ಆಡುವ ಯುಗಾದಿ ಕಪ್ಪನ್ನು ಆರು ವರ್ಷದಿಂದ ಸೋತಿದ್ದರು. ಈ ಸಲವೂ ಸೋತರೆ ಕ್ಯಾಪ್ಟನ್‌ಗಿರಿ ಬಿಡುತ್ತೇನೆ ಎಂದು ಸಿದ್ಧಲಿಂಗೇಶ ಹೋದ ವರ್ಷ ಊಟದ ಪಂಕ್ತಿಯಲ್ಲಿ, ಕೈಯಲ್ಲಿ ಹೋಳಿಗೆ ಹಿಡಿದುಕೊಂಡೇ, ಎದ್ದು ನಿಂತು ಸಾರಿಬಿಟ್ಟಿದ್ದ.

ಅರವಿಂದನ ಸದಸ್ಯತ್ವ ಯುಗಾದಿಗೆ ಮುಗಿಯುತ್ತಿತ್ತು. ಮುಗಿದ ಮೇಲೆ ಅವನು ಯಾರ ಸೊತ್ತೂ ಅಲ್ಲ. ತನಗಿಷ್ಟವಾದ ಊರಿನ ಸಂಘಕ್ಕೆ ಒಂದು ಪತ್ರ ಹಾಕಿದರೆ ಅಲ್ಲಿಗೆ ಸೇರಿದ. ಅಲ್ಲಿಯವರೆಗೆ ಅವನು ಬೇಕೆಂದರೆ ಒಂದೇ ದಾರಿ: ಇಬ್ಬರು ಕ್ಯಾಪ್ಟನ್ನರು ಕೂತು ಕೊಟ್ಟು ತಗೊಳ್ಳಬೇಕು. ಯುಗಾದಿಗೆ ಇನ್ನೂ ಏಳು ವಾರವಿತ್ತು.

"ಇನ್ನೂ ಅರಿವಿ ಮಡಚಾಕ ಹತ್ತೀಯಲ್ಲೋ!" ಎನ್ನುತ್ತ ಮೇಲಿನ ಮನೆಯ ಮಹಾಂತಪ್ಪ ಸಕ್ಕರೆಗೆಂದು ಬಟ್ಟಲು ಹಿಡಿದು ಒಳಗೆ ಬಂದ. "ಟಿವಿಯಾಗ ನೋಡಿಲ್ಲೇನು? ದೊಡ್ಡ ದೊಡ್ಡ ಟೀಮಿನವರು ಸ್ಟಾರ್ ಆಟಗಾರನ್ನ ಈಗ ಟ್ರೇಡ್ ಮಾಡಿ, ತಮ್ಮವರನ್ನ ಕೊಟ್ಟು ತರತಾರ. ಕಾಂಟ್ರ್ಯಾಕ್ಟ್ ಮುಗೀಲಿ, ಪುಕ್ಕಟೆ ಬರಲಿ ಅಂತ ಕುಂತವರು ಕುಂತಲ್ಲೇ ಕುಂತಾರ. ಬೇ ಏರಿಯಾದ ಕನ್ನಡ ಸಂಘದವರು ಆ ಹುಡುಗಗ ಫೋನ್ ಮಾಡ್ಯಾರಂತ!"

"ಯಾರು ಹೇಳಿದ್ರು?"

"ಯಾರರೆ ಹೇಳಿರತಾರ ಬಿಡು."

ಸಿದ್ಧಲಿಂಗೇಶನ ಕೈಯಲ್ಲಿದ್ದ ಕಾಲುಚೀಲ ಒಂಟಿಯಾಗಿಯೇ ಉಳಿಯಿತು. ಕಾರಿನ ಕೀಲಿ ಹುಡುಕಿದ.

"ಹಾಲು ಹೆಪ್ಪಾಗೂ ಮೊದಲ ಕಡಗೋಲು ಹಾಕಬ್ಯಾಡ್ರಿ, ಅಳಿಯರ," ಎಂದರು ಗುರುಬಸವ್ವ. ಹಾಗೆಂದು ಅವರೂ ಸೀರೆ ಬದಲಿಸಿ, ರೊಟ್ಟಿಯ ಡಬ್ಬಿ ಹಿಡಿದು ಕಾರು ಹತ್ತಿದರು. ಲಾಸ್ ಏಂಜಲೀಸ್ ಕ್ಯಾಪ್ಟನ್ ಉಮಾಶಂಕರನ ಮನೆ ಎರಡು ಗಂಟೆ ದಾರಿಯ ವೆಸ್ಟ್ ಕೊವಿನಾದಲ್ಲಿ. ಅವನ ಪಕ್ಕದ ಮನೆಗೆ ಮಗಳ ಬಾಣಂತನಕ್ಕೆ ಬಂದಿದ್ದ ಚೆನ್ನಮ್ಮ ಗುರುಬಸವ್ವನ ತವರಿನ ಕಡೆಯವರು. ಮೂರು ತಿಂಗಳಿಂದ ಫೋನಿನಲ್ಲೇ ಮಾತು, ಮುಖ ನೋಡಿರಲಿಲ್ಲ.

ಉಮಾಶಂಕರ ಬೆಂಗಳೂರಿನವನು, ಲೆಕ್ಕಾಚಾರದ ಮನುಷ್ಯ. ಸೋಫಾದ ಮೇಲೆ ಕೂತು, ಅತ್ತೆ ತಂದ ರೊಟ್ಟಿ ಮುರಿಯುತ್ತ ವ್ಯವಹಾರಕ್ಕಿಳಿದ.

"ಅರವಿಂದನ ಬದಲಿಗೆ ಯಾರನ್ನ ಕೊಡ್ತೀರಾ?"

"ಪ್ರವೀಣನ್ನ ತಗೋರಿ. ಬಾಳ ಹುಷಾರ್ ಆಡತಾನ."

"ಸರ್, ಪ್ರವೀಣ ಬಾಲ್ ಹಿಡಿದ್ರೆ ಬಾಲಿಗೇ ಅಳು ಬರುತ್ತೆ."

"ಹಂಗಾರ ಇಬ್ಬರನ್ನ ತಗೋರಿ. ಮೂವರು?"

ಉಮಾಶಂಕರ ಎರಡನೇ ರೊಟ್ಟಿಗೆ ಕೈ ಹಾಕಿದ. "ಆಡೋರು ನಮ್ಮಲ್ಲಿ ಇದ್ದಾರೆ ಸರ್. ಭಾನುವಾರ ಬೆಳಿಗ್ಗೆ ಹಾಸಿಗೆ ಬಿಟ್ಟು ಪ್ರ್ಯಾಕ್ಟೀಸಿಗೆ ಬರೋರು ಇಲ್ಲ. ಹನ್ನೊಂದು ಜನರಲ್ಲಿ ಮೂರು ಜನ ಬಂದ್ರೆ ಹೆಚ್ಚು. ನಿಮ್ಮಲ್ಲಿ ಹದಿನೈದಕ್ಕೆ ಹದಿನೈದೂ ಜನ ಏಳು ಗಂಟೆಗೇ ಬರ್ತಾರಂತಲ್ಲ, ಅದು ಹೇಗೆ?"

"ಆಟ ಮುಗಿದ ಮ್ಯಾಲೆ ಅತ್ತಿ ರೊಟ್ಟಿ ಹಾಕತಾರಲ್ಲ," ಎಂದ ಸಿದ್ಧಲಿಂಗೇಶ, ಗಂಟೆ ಎಷ್ಟಾಯಿತು ಎಂದು ಕೇಳಿದವರಿಗೆ ಹೇಳುವಷ್ಟು ಸರಳವಾಗಿ.

ಉಮಾಶಂಕರ ಚಟ್ನಿ ಹತ್ತಿದ ಬೆರಳು ನೆಕ್ಕಿದ. "ಹಾಗಾದ್ರೆ ಆಟಗಾರರು ಬೇಡ. ಆಂಟೀನ ಕೊಡಿ. ಅವರು ವಾಪಸ್ ಊರಿಗೆ ಹೋಗೋವರೆಗೂ ನಮ್ಮನೇಲಿರಲಿ. ಅರವಿಂದನ್ನ ಇವತ್ತೇ ಕರ್ಕೊಂಡು ಹೋಗಿ. ಯುಗಾದಿವರೆಗೂ ನಿಮ್ಮವನು, ಆಮೇಲೆ ಅವನಿಷ್ಟ."

ಯಾವ ಅಳಿಯನೇ ಆದರೂ ಎದ್ದು ಬರಬೇಕಾದ ಮಾತು. ಆದರೆ ಸಿದ್ಧಲಿಂಗೇಶನ ಕಣ್ಣ ಮುಂದೆ ಬೆಳಗಿನ ಮಂಜು ಮತ್ತೆ ಹರಡಿತು. ಅದರಲ್ಲಿ ಹುಡುಗ ಇನ್ನೂ ಏರುತ್ತಿದ್ದ. ಏಳು ವಾರ ನಮ್ಮ ಜೊತೆ ಆಡಿದವನು ನಮ್ಮನ್ನು ಬಿಟ್ಟು ಎಲ್ಲಿಗೆ ಹೋಗುತ್ತಾನೆ? ಎದ್ದು ಪಕ್ಕದ ಮನೆಗೆ ಹೋದ. ಬಂದೊಡನೆ ಅಲ್ಲಿಗೆ ಹೋಗಿದ್ದ ಅತ್ತೆ, ಚೆನ್ನಮ್ಮನ ಕೈ ಹಿಡಿದುಕೊಂಡು, ಇಪ್ಪತ್ತು ವರ್ಷದ ಹಿಂದೆ ಸತ್ತ ಎಮ್ಮೆಯೊಂದರ ಗುಣಗಾನದಲ್ಲಿದ್ದರು.

"ಅತ್ತಿ, ಇನ್ನ ಸ್ವಲ್ಪ ದಿನ ಇಲ್ಲೇ ಇರತೀರೇನು?"

ಗುರುಬಸವ್ವನ ಮುಖ ದೀಪ ಹಚ್ಚಿದಂತಾಯಿತು. "ನೀವು ಕೇಳಲಿ ಅಂತ ಕಾಯಾಕ ಹತ್ತಿದ್ದೆ!" ಎಂದರು.

ಉಮಾಶಂಕರ ಫೋನ್ ಮಾಡಿದ ಮೇಲೆ ಅರವಿಂದ ಎರಡು ಬಸ್ಸು ಬದಲಿಸಿ ಬಂದ. ಬಾಗಿಲಲ್ಲಿ ತಲೆ ಬಗ್ಗಿಸಿ ಉಮಾಶಂಕರನ ಮಾತು ಕೇಳಿದ. ಸ್ಯಾನ್ ಡಿಯೇಗೊ ಎಂದದ್ದೇ ತಡ, ಹೋಗಿ ಕಾರಿನಲ್ಲಿ ಕೂತ. ಮಡಚಿಟ್ಟ ಏಣಿಯಂತೆ ಮೊಣಕಾಲು ಗಲ್ಲಕ್ಕೆ ತಾಗಿತ್ತು. ಸಮುದ್ರ ಕಾಣುವ ಹೊತ್ತಿಗೆ ನಿದ್ದೆ ಹೋಗಿದ್ದ, ನಿದ್ದೆಯಲ್ಲೇ ನಗುತ್ತಿದ್ದ. ಬಲಗಡೆ ನೀರು ಬೆಳ್ಳಿಯ ತಗಡಿನಂತೆ ಹರವಿಕೊಂಡಿತ್ತು. ಕಾರು ನೆಲದ ಮೇಲೆ ಓಡುತ್ತಿದೆಯೋ ಮೋಡದ ಮೇಲೋ ಸಿದ್ಧಲಿಂಗೇಶನಿಗೆ ತಿಳಿಯಲಿಲ್ಲ. ಕಪ್ಪನ್ನು ಮನೆಯಲ್ಲಿ ಎಲ್ಲಿಡಬೇಕು? ಫ್ರಿಜ್ಜಿನ ಮೇಲೋ, ದೇವರ ಮನೆಯಲ್ಲೋ? ತನ್ನ ಎಕ್ಸಿಟ್ ದಾಟಿ ಎರಡು ಮೈಲಿ ಮುಂದೆ ಹೋದ ಮೇಲೆ ಫ್ರಿಜ್ಜಿನ ಮೇಲೆಯೇ ಸರಿ ಎಂದು ತೀರ್ಮಾನವಾಯಿತು.

ಬಾಗಿಲು ತೆರೆದವಳು ಹೆಂಡತಿ ದ್ರಾಕ್ಷಾಯಣಿ. ಹುಡುಗನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಆಮೇಲೆ ಅವನ ಹಿಂದೆ ನೋಡಿದಳು.

"ಅವ್ವ ಎಲ್ಲಿ?"

"ಅಲ್ಲೇ ಅದಾರ. ಚೆನ್ನಮ್ಮಾರ ಜೋಡಿ. ಅಂದ್ರ, ಉಮಾಶಂಕರ್ ಮನ್ಯಾಗ. ಅಂದ್ರ, ಇವನ ಬದಲಿಗೆ..."

"ನಮ್ಮವ್ವನ್ನ ಟ್ರೇಡ್ ಮಾಡಿ ಬಂದೀರೇನ್ರೀ!"

ಅಷ್ಟರಲ್ಲಿ ಫೋನು ರಿಂಗಣಿಸಿತು. ಪ್ರವೀಣ. "ಅಣ್ಣಾ, ಉಮಾಶಂಕರ್ ಮೆಸೇಜ್ ಹಾಕ್ಯಾರಂತ, ಮಹಾಂತಪ್ಪ ಅಂಕಲ್ ಹೇಳಿದ್ರು. ನಾಳೆ ಪ್ರ್ಯಾಕ್ಟೀಸ್ ವೆಸ್ಟ್ ಕೊವಿನಾದಾಗಂತ?"

"ಇಲ್ಲೋ, ನಮ್ಮದು ಇಲ್ಲೇ!"

"ಆದ್ರ ಅಜ್ಜಿ ಅಲ್ಲಿ ಅದಾರಲ್ಲಣ್ಣ. ನಾವು ಮೂರು ಕಾರ್ ಮಾಡೀವಿ. ನೀ ಬರತೀಯೇನು?"

ಸಿದ್ಧಲಿಂಗೇಶ ಫೋನಿಟ್ಟು ತಿರುಗಿದ. ಅರವಿಂದ ಆಗಲೇ ಕೈ ತೊಳೆದು ಊಟದ ಟೇಬಲ್ಲಿಗೆ ಕೂತಿದ್ದ. ಅವನ ಮುಂದೆ ಖಾಲಿ ತಾಟು, ಮುಖವೂ ಹಾಗೇ.

"ಅಂಕಲ್, ಅಜ್ಜಿ ಇಲ್ಲೇನು?"

"ಇಲ್ಲಪಾ."

"ಯಾವಾಗ ಬರತಾರ?"

"ಯುಗಾದಿ ಕಪ್ ಮುಗಿಸಿ ಅಲ್ಲಿಂದ ಸೀದಾ ಊರಿಗೇ ಹೋಗತಾರ."

ಹುಡುಗ ನಿಟ್ಟುಸಿರು ಬಿಟ್ಟ. ಆ ಎತ್ತರದಿಂದ ಬಂದ ನಿಟ್ಟುಸಿರಿಗೆ ಟೇಬಲ್ಲಿನ ಮೇಲಿನ ಕಾಗದದ ಕರವಸ್ತ್ರ ಹಾರಿತು. "ದೀಪಾವಳಿ ಮ್ಯಾಚಿಗೆ ಬಂದಾಗ ಅಜ್ಜಿ ಒಂಬತ್ತು ರೊಟ್ಟಿ ಹಾಕಿದ್ರು, ಅಂಕಲ್. ಅವತ್ತ ಮನಸ್ಸು ಮಾಡೀನಿ. ಯುಗಾದಿಗೆ ಬಿಡುಗಡೆ ಆತು ಅಂದ್ರ ಸೀದಾ ಸ್ಯಾನ್ ಡಿಯೇಗೊ ಅಂತ. ಲಾಸ್ ಏಂಜಲೀಸ್‌ನವರು ಮುಂದಿನ ವರ್ಷದ ಸದಸ್ಯತ್ವದ ಫಾರ್ಮ್ ಕೊಟ್ಟು, ಸ್ಟಾಂಪ್ ಸೈತ ಹಚ್ಚಿ ಕೊಟ್ಟು ಮೂರು ತಿಂಗಳಾತು. ನಾ ಪೋಸ್ಟ್ ಮಾಡೇ ಇಲ್ಲ." ಬ್ಯಾಗಿನಿಂದ ಮುದುರಿದ ಲಕೋಟೆಯೊಂದನ್ನು ತೆಗೆದು ಟೇಬಲ್ಲಿನ ಮೇಲಿಟ್ಟು ಅಂಗೈಯಿಂದ ಉಜ್ಜಿ ನೇರ ಮಾಡಿದ.

"ಅಂದ್ರ ನೀ ಹೆಂಗೂ ಬರಾಂವ ಇದ್ದೆಯೇನೋ? ಪುಕ್ಕಟೆ?"

"ಹೂಂ ಅಂಕಲ್. ಈಗೂ ಮಾತು ತಪ್ಪೂದಿಲ್ಲ. ಯುಗಾದಿತನಕ ನಿಮ್ಮ ಕಡೇನ ಆಡತೀನಿ."

"ಯುಗಾದಿತನಕ ಮ್ಯಾಚ್ ಎಲ್ಲಿ ಅದಾವಪಾ! ಕಪ್ ಇರೂದ ಯುಗಾದಿ ಆದ ಮ್ಯಾಲೆ!"

ದ್ರಾಕ್ಷಾಯಣಿ ಆಗಲೇ ಚಪ್ಪಲಿ ಮೆಟ್ಟಿದ್ದಳು. "ನಡೀರಿ. ಅವ್ವನ ಕಡೆ. ಈಗಿಂದೀಗ. ಅವ್ವ ಬರಲಿಲ್ಲಂದ್ರ ನಾನೂ ಅಲ್ಲೇ ಇರತೀನಿ."

ಇಳಿಬಿಸಿಲಿನಲ್ಲಿ ಕಾರು ಮತ್ತೆ ಹೊರಟಿತು. ಹಿಂದೆ ಹೆಂಡತಿ. ಪಕ್ಕದಲ್ಲಿ ಹುಡುಗ, ಮೊಣಕಾಲ ಮೇಲೆ ಲಕೋಟೆ. ಸಮುದ್ರದಿಂದ ಮಂಜು ಎದ್ದು ಬಂದು ಕರ್ನಿ ಮೆಸಾ ಬಡಾವಣೆಯ ಆಫೀಸುಗಳನ್ನು ಒಂದೊಂದಾಗಿ ಅಳಿಸುತ್ತಿತ್ತು. ಆ ಮಂಜಿನಲ್ಲಿ ಈಗ ಯಾರೂ ಏರುತ್ತಿರಲಿಲ್ಲ.

"ಅಂಕಲ್, ಅಲ್ಲೊಂದು ಪೋಸ್ಟ್ ಡಬ್ಬಿ ಐತಿ. ಒಂದು ನಿಮಿಷ ನಿಲ್ಲಸ್ತೀರಾ?"

ಸಿದ್ಧಲಿಂಗೇಶ ನಿಲ್ಲಿಸಿದ. ಅರವಿಂದ ಕಾರಿನಿಂದ ಇಳಿಯಲೂ ಇಲ್ಲ. ಕಿಟಕಿಯಿಂದ ಕೈ ಚಾಚಿದ. ಆ ಕೈ ಫುಟ್‌ಪಾತ್ ದಾಟಿ, ನೀಲಿ ಡಬ್ಬಿಯವರೆಗೂ ಹೋಗಿ, ಮುಚ್ಚಳ ಎಳೆದು ಲಾಸ್ ಏಂಜಲೀಸ್ ಫಾರ್ಮಿನ ಲಕೋಟೆಯನ್ನು ಒಳಗೆ ಬಿಟ್ಟಿತು.